ದಾಳಿಂಬ್ರಿ ಸಿಪ್ಪಿ ನೀರು, ಕರೇ ಚಾಕು: 12 ವರ್ಷದ ನನ್ನ ಅನುಭವ

ಈ ಸಲ ಖಂಡೇಪೂಜಾಕ್ಕ ಮುಧೋಳದಾಗ ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡ್ಯಾಗ ಪಾನಾ, ಪಕ್ಕಡ, ಡ್ರಿಲ್ ಮಷೀನು ಎಲ್ಲಾದರ ಮುಂದ ನನ್ನ ಕಿಸೆ ಚಾಕೂನೂ ಸಾಲಾಗಿ ಇಟ್ಟಿದ್ದೆ, ಒಟ್ಟು 38. ಪೂಜಾಕ್ಕ ಬಂದ ನಮ್ಮ ಓಣಿ ಕಂಬಾರ ಕಾಕಾ ಅದರಾಗಿಂದು ಕರೇದೊಂದು ಎತ್ಕೊಂಡು, ಉಗುರು ಹಾಕಿ ಬಿಚ್ಚಿ, ಬೆಳಕಿಗೆ ಹಿಡದು, "ತಮ್ಮಾ, ಇದಕ್ಕ ಏನ್ ಹಚ್ಚೀದಿ?" ಅಂತ ಕೇಳಿದ್ರು. ಮೂರು ವರ್ಷದ ಹಿಂದ ಇದೇ ಕಾಕಾ "ಸಿಪ್ಪಿ ನೀರಿಗೆ ಕಬ್ಬಣ ಮಾತ ಕೇಳತೈತೇನೋ, ಸುಮ್ನ ರೊಕ್ಕ ಹಾಳ ಮಾಡಬ್ಯಾಡ" ಅಂತ ಮಂದಿ ಮುಂದ ಬೈದಿದ್ರು. ಅವರೇ ಕೇಳಿದ ಮ್ಯಾಲೆ, ದಾಳಿಂಬ್ರಿ ಸಿಪ್ಪಿ ನೀರಿನ್ಯಾಗ ಅದ್ದಿ ಅಲಗು ಕರೇ ಮಾಡಿ ಜಂಗು ತಡಿಯೋ ಈ ಕೆಲಸಾನ ಬರದು ಇಡಬೇಕು ಅನ್ನಿಸ್ತು.

ಮೊದಲ ಹೇಳಿಬಿಡ್ತೀನಿ, ನನ್ನ ಹತ್ರ ಬಟನ್ ಒತ್ತಿದ್ರ ಬಿಚ್ಚೋ ಚಾಕು ಇಲ್ಲ, ರಾಂಪುರಿನೂ ಇಲ್ಲ. ಬೆನ್ನಿನ ಪಟ್ಟಿ ಬಿಗಿ ಮ್ಯಾಲೆ ನಿಲ್ಲೋ ಹಳೇ ನಮೂನಿ ಮಡಚೋ ಚಾಕು, ಅದೂ ಬರೇ ಕಾರ್ಬನ್ ಸ್ಟೀಲಿಂದು. ಸ್ಟೇನ್‌ಲೆಸ್ ಬಂದದ್ದೇ 1913ರ ನಂತರ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹ್ಯಾರಿ ಬ್ರಿಯರ್ಲಿ ಕೈಯಿಂದ, ಅದಕ್ಕ ಮೊದಲಿನ ಚಾಕು ಅಂದ್ರ ಜಂಗು ಹಿಡಿಯೋವೇ. ನಮ್ಮ ಅಜ್ಜಂದು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿ ಚಾಕು ಒಂದು ಇತ್ತು, ಅಲಗಿನ ಬುಡಕ್ಕ ನಕ್ಷತ್ರ ಮತ್ತ ಶಿಲುಬಿ ಗುರುತು ಇರತೈತಲ್ಲ, ಅದು ಈಗ್ಲೂ ಭೂತಗನ್ನಡಿ ಹಿಡದ್ರ ನಮ್ಮದರಾಗ ಅರ್ಧ ಕಾಣತೈತಿ. ಅಜ್ಜ ಅದನ್ನ ಎಲಿ ಅಡಕಿ ಚಂಚ್ಯಾಗ ಸುಣ್ಣದ ಡಬ್ಬಿ ಜೋಡಿ ಇಟ್ಕೊಂಡು 40 ವರ್ಷ ತಿರುಗ್ಯಾರ, ಕಬ್ಬು ಸುಲದಾರ, ಬೇವಿನ ಕಡ್ಡಿ ಕೊಯ್ದಾರ, ಒಂದು ಜಂಗಿನ ಕಲೆ ಇದ್ದಿದ್ದಿಲ್ಲ. ಅಜ್ಜ ಹೋದ ಮ್ಯಾಲೆ ಅಪ್ಪ ಅದನ್ನ ಜತನ ಅಂತ ಚರ್ಮದ ಚೀಲದಾಗ ಹಾಕಿ ಟ್ರಂಕಿನ್ಯಾಗ ಇಟ್ಟ. ಆರು ವರ್ಷಕ್ಕ ತೆಗೆದು ನೋಡಿದ್ರ ಅಲಗಿನ ಮ್ಯಾಲೆ ಮೈಲಿ ಎದ್ದಂಗ ಕುಳಿ. ಚರ್ಮ ಹದ ಮಾಡಿದ ಉಪ್ಪು ತೇವ ಎಳ್ಕೊಂಡು ಸ್ಟೀಲು ತಿಂತೈತಿ, ಇದು ಗೊತ್ತಾಗಲಿಕ್ಕೆ ನನಗ ಅಜ್ಜನ ಚಾಕುನೇ ಹೋಗಬೇಕಾತು. ಅಲ್ಲಿಂದ ಶುರು ಆತು ಈ ಹುಚ್ಚು.

ಕೊಂಡಿದ್ದರ ಕಥಿ ಭಾಳ ಐತಿ, ಎರಡು ಹೇಳ್ತೀನಿ. ಬಾಗಲಕೋಟಿ ಮುಳುಗಡಿ ಮನಿ ಖಾಲಿ ಮಾಡಿ ನವನಗರಕ್ಕ ಹೋದವರೊಬ್ಬರು ಅಟ್ಟದ ಸಾಮಾನು ಗುಜರಿಗೆ ಹಾಕಿದ್ರು, ಆ ಗುಜರಿ ಡಬ್ಬ್ಯಾಗ ಕೋಡಿನ ಹಿಡಿಕಿದು ಎರಡು ಅಲಗಿನ ಶೆಫೀಲ್ಡ್ ಚಾಕು ತೂಕದ ಲೆಕ್ಕದಾಗ ಸಿಕ್ತು, ಎಲ್ಲಾ ಸೇರಿ 60 ರೂಪಾಯಿನೋ 70 ರೂಪಾಯಿನೋ. ಇನ್ನೊಂದು ಬನದ ಹುಣ್ಣಿಮಿಗೆ ಬನಶಂಕರಿ ಜಾತ್ರ್ಯಾಗ, ಬಾಗಿಲ ಚೌಕಟ್ಟು ಮಾರೋ ಸಾಲು ದಾಟಿ ಹಳೇ ಸಾಮಾನು ಹರವಿಕೊಂಡು ಕುಂತವರ ಹತ್ರ "ಅಸಲಿ ರಾಡ್ಜರ್ಸ್" ಅಂತ 2,800 ಕೊಟ್ಟು ತಂದೆ. ಮನಿಗೆ ಬಂದು ನೋಡ್ತೀನಿ, ಅಲಗು ಸವದು ಅರ್ಧ ಆಗೇತಿ, ಗುರುತು ಮಾತ್ರ ನಿನ್ನೆ ಹೊಡದಂಗ ಖಡಕ್. ಸವದ ಅಲಗಿನ ಮ್ಯಾಲೆ ಗುರುತು ಸವದಿಲ್ಲ ಅಂದ್ರ ಆಮೇಲೆ ಹೊಡದದ್ದು. ಆ 2,800 ನನಗ ಇನ್ನೂ ಚುಚ್ಚತೈತಿ.

ಈಗ ಕೆಡಿಸಿದ್ದರ ಲೆಕ್ಕ. ಮೊದಲನೇದು ಸಾಣಿ ಚಕ್ಕರ. ಸೈಕಲ್ ತುಳದು ಸಾಣಿ ಹಿಡಿಯೋರಿಗೆ ಒಂದು ಛಲೋ ಜರ್ಮನ್ ಚಾಕು ಕೊಟ್ಟೆ, ಕಿಡಿ ಹಾರಸಿ ಹಾರಸಿ ತುದಿ ನೀಲಿ ಮಾಡಿ ಕೊಟ್ರು. ನೀಲಿ ಬಂತಂದ್ರ 300 ಡಿಗ್ರಿ ಹತ್ರ ಕಾದೈತಿ, ಹದ ಹೋತು, ಆಮೇಲೆ ಎಷ್ಟು ಮಸದ್ರೂ ಆ ತುದಿ ಎರಡು ದಿನ ನಿಲ್ಲೂದಿಲ್ಲ. ಎರಡನೇದು ನಿಂಬಿಹಣ್ಣು. ಇಂಡಿ ಕಡಿ ಬೀಗರು ಒಂದು ಚೀಲ ನಿಂಬಿಹಣ್ಣು ಕಳಿಸಿದ್ರು, ಜಂಗು ಬಿಡಲಿ ಅಂತ ರಸದಾಗ ಚಾಕು ಪೂರ್ತಿ ಮುಳುಗಿಸಿ ರಾತ್ರಿ ಇಟ್ಟು ಮಲಗಿದೆ. ಮುಂಜಾನೆ ಜಂಗು ಏನೋ ಬಿಟ್ಟಿತ್ತು, ಆದ್ರ ಹಿತ್ತಾಳಿ ಪಟ್ಟಿ ಮತ್ತ ಸ್ಟೀಲು ಕೂಡೋ ಜಾಗದಾಗ ಸೂಜಿ ಚುಚ್ಚಿದಂಗ ಕುಳಿ ಸಾಲು. ಹುಳಿಯೊಳಗ ಎರಡು ಲೋಹ ತಾಗಿದ್ರ ಬ್ಯಾಟರಿ ಇದ್ದಂಗ, ಮೋಟಾರ್ ಕೆಲಸ ಮಾಡೋನಿಗೆ ಇದು ಹೊಳಿಬೇಕಿತ್ತು. ಒಂದು ವಾರಕ್ಕ ಬೆನ್ನಿನ ಪಟ್ಟಿನೂ ಟಕ್ ಅಂತ ಮುರೀತು, ಹುಳಿ ಕುಡದ ಸ್ಪ್ರಿಂಗು ಹಂಗ ಮುರೀತಾವು. ಅದು ಸುಮಾರು 1,500ರ ಚಾಕು.

ಎಣ್ಣಿ ವಿಷಯದಾಗ ನಮ್ಮ ಕಡಿ ಎಲ್ಲರೂ ಕುಸಬಿ ಎಣ್ಣಿ ಹಚ್ಚು ಅಂತಾರ, ದಯಮಾಡಿ ಹಚ್ಚಬ್ಯಾಡ್ರಿ. ಕುಸಬಿ ಎಣ್ಣಿ, ಅಗಸಿ ಎಣ್ಣಿ ಎರಡೂ ಗಾಳಿಗೆ ಒಣಗಿ ಅಂಟು ಆಗ್ತಾವು. ಜಾಯಿಂಟಿಗೆ ಹಚ್ಚಿದ್ರ ಮೂರು ತಿಂಗಳಿಗೆ ಉಗುರು ಮುರೀತೈತಿ ಹೊರತು ಚಾಕು ಬಿಚ್ಚೂದಿಲ್ಲ, ನಂದು ಒಂಬತ್ತು ಚಾಕು ಹಂಗ ಆಗಿದ್ವು, ಸೀಮೆಎಣ್ಣಿ ಹಾಕಿ ತೊಳದೆ. ಅಗಸಿ ಎಣ್ಣಿ ಕಟ್ಟಿಗಿ ಹಿಡಿಕಿಗೆ ಅಗದಿ ಛಲೋ, ಆದ್ರ ಒರಸಿದ ಅರಬಿ ಮುದ್ದಿ ಮಾಡಿ ಒಗಿಬ್ಯಾಡ್ರಿ, ತಾನೇ ಕಾದು ಬೆಂಕಿ ಹತ್ತತೈತಿ, ಹರವಿ ಒಣಗಿಸ್ರಿ. ಕೊಬ್ಬರಿ ಎಣ್ಣಿ ಚಳಿಗಾಲದಾಗ ಗಟ್ಟಿ ಆಗತೈತಿ. ನಾನೀಗ ಜಾಯಿಂಟಿಗೆ ಹೊಲಿಗಿ ಮಷೀನ್ ಎಣ್ಣಿ ಒಂದು ಹನಿ, ಅಲಗಿಗೆ ಔಡಲೆಣ್ಣಿ ತೆಳ್ಳಗ. ಔಡಲೆಣ್ಣಿ ಒಣಗೂದಿಲ್ಲ, ಹಚ್ಚಿದ ಮ್ಯಾಲೆ ಒರಸಿಬಿಡಬೇಕು ಅಷ್ಟ.

ಸಿಪ್ಪಿ ವಿಚಾರ ಹೊಳದದ್ದು ಹೆಂಗಂದ್ರ, ಗೆಳ್ಯಾನ ದಾಳಿಂಬ್ರಿ ತ್ವಾಟದಾಗ ಪಂಪ್ ರಿಪೇರಿಗೆ ಹೋಗಿದ್ದೆ, ಒಡದ ಹಣ್ಣು ಐದಾರು ಕೊಯ್ದು ತಿಂದ್ವಿ, ಚಾಕು ಒರಸೋದು ಮರತು ಕಿಸೇದಾಗ ಹಾಕ್ಕೊಂಡು ಬಂದೆ. ರಾತ್ರಿ ನೋಡಿದ್ರ ಸಿಪ್ಪಿ ರಸ ತಾಗಿದ ಕಡಿ ನೀಲಿಗಪ್ಪು, ತಾಗದ ತುದಿಗೆ ಕೆಂಪು ಜಂಗು. ಎಲ್ಲಾರೂ ಆ ಕಪ್ಪನ್ನ ತಿಕ್ಕಿ ತೆಗಿತಾರ, ನಾನು ಹಂಗ ಬಿಟ್ಟು ಒಂದು ತಿಂಗಳು ನೋಡಿದೆ, ಕಪ್ಪಿದ್ದಲ್ಲಿ ಜಂಗು ಬರಲೇ ಇಲ್ಲ. ಒಗರು ಇದ್ದಲ್ಲಿ ಕಬ್ಬಣ ಕರ್ರಗ ಆಗೋದು ಹೊಸ ಮಾತಲ್ಲ, ಹಿಂದಿನವರು ಅಳಲಿಕಾಯಿ, ಅನ್ನಭೇದಿ ಕೂಡಿಸಿ ಮಸಿ ಮಾಡ್ತಿದ್ರಲ್ಲ, ಅದೇ ಲೆಕ್ಕ, ಆ ಮಸಿ ಅಲಗಿನ ಮ್ಯಾಲೇ ಹುಟ್ಟತೈತಿ. ಚಹಾ ಡಿಕಾಕ್ಷನ್ನಿನ್ಯಾಗ ಅದ್ದಿ ಅಲಗು ಹಿಂಗ ಕರೇ ಮಾಡೋರೂ ಇದ್ದಾರ, ನಾನೂ ಮಾಡಿದ್ದೆ, ಬಣ್ಣ ಬರತೈತಿ, ಬೆರಳಿಗೆ ಹತ್ತತೈತಿ, ಎರಡು ವಾರಕ್ಕ ಹೋಗತೈತಿ.

ನಾನು ಮಾಡೋದು ಹಿಂಗ. ನೆರಳಾಗ ಒಣಗಿಸಿದ ಸಿಪ್ಪಿ ಸುಮಾರು 200 ಗ್ರಾಂ, ಒಂದೂವರಿ ಲೀಟರ್ ನೀರು, ಸ್ಟೀಲ್ ಪಾತೇಲಿಯೊಳಗ ಅರ್ಧಕ್ಕ ಇಳಿಯೋ ತನಕ ಕುದಿಸ್ತೀನಿ. ಕಬ್ಬಣದ ಬಾಣಲ್ಯಾಗ ಕುದಿಸಬ್ಯಾಡ್ರಿ, ಒಗರೆಲ್ಲ ಬಾಣಲೀನ ಕುಡದುಬಿಡತೈತಿ. ಅಲಗು ಮೊದಲ 400, ಆಮೇಲೆ 1000 ನಂಬರ್ ಉಜ್ಜೋ ಕಾಗದ, ಆಮೇಲೆ ತೊಳಿಯೋ ಸೋಡಾ ನೀರು, ಅಲ್ಲಿಂದ ಮುಂದ ಬರಿಗೈಲೆ ಮುಟ್ಟೋದಿಲ್ಲ, ಬೆರಳಿನ ಜಿಡ್ಡು ಕೂತಲ್ಲಿ ಬಿಳಿ ಕಲೆ ಉಳಿತೈತಿ. ಜಾಯಿಂಟಿಗೆ, ಹಿತ್ತಾಳಿಗೆ ಜೇನಮೇಣ ಬಿಸಿ ಮಾಡಿ ತುಂಬ್ತೀನಿ, ಇದು ಮುಖ್ಯ, ನಿಂಬಿಹಣ್ಣಿನ ಪಾಠ. ಉಗುರುಬೆಚ್ಚಗ ಇದ್ದಾಗ ಅಲಗು ಮಾತ್ರ ಅದ್ದೋದು, 15ರಿಂದ 20 ನಿಮಿಷ, ತೆಗೆದು ಗಾಳಿಗೆ ಹಿಡಿಯೋದು, ಹತ್ತೀ ಅರಬಿಲೆ ಮೆಲ್ಲಕ ಒರಸೋದು, ಮತ್ತ ಅದ್ದೋದು. ಐದು ಸಲ ಆಗೂದ್ರಾಗ ನೇರಳಿಹಣ್ಣಿನ ಬಣ್ಣ ಬಂದು ನಿಲ್ಲತೈತಿ. ನಾಲ್ಕನೇ ಅದ್ದಿಗಿಂತ ಮೊದಲ ನೀರಿಗೆ ಒಂದು ಚಿಟಿಕಿ ಅಡಗಿ ಮನಿ ಸಾಮಾನು ಹಾಕ್ತೀನಿ, ಅದರಿಂದನೇ ಬಣ್ಣ ಬೆರಳಿಗೆ ಹತ್ತದಂಗ ಕೂರೋದು, ಅದೇನು ಅಂತ ಇಲ್ಲಿ ಬರಿಯೂದಿಲ್ಲ, ಅದಕ್ಕ ಎರಡು ವರ್ಷ ಕೊಟ್ಟೀನಿ. ಕಡಿಗೆ ಔಡಲೆಣ್ಣಿ ಹಚ್ಚಿ ಒಂದು ರಾತ್ರಿ ಬಿಟ್ಟು ಒರಸಿದ್ರ ಮುಗೀತು.

ಪರೀಕ್ಷಾನೂ ಮಾಡೀನಿ. ಶ್ರಾವಣದಾಗ ಮೂರು ಚಾಕು, ಒಂದು ಬರೇದು, ಒಂದು ಚಹಾದ್ದು, ಒಂದು ಸಿಪ್ಪೀದು. ದಿನಾ ಉಳ್ಳಾಗಡ್ಡಿ, ಮಾವಿನಕಾಯಿ, ಕಬ್ಬು ಕೊಯ್ದು ತೊಳಿದಂಗ ಒಂದು ತಾಸು ಇಡೋದು. ಬರೇದಕ್ಕ ಎರಡನೇ ದಿನಕ್ಕ ಜಂಗು. ಚಹಾದ್ದು ಹತ್ತು ದಿನ ತಡೀತು. ಸಿಪ್ಪೀದು ತಿಂಗಳು ಮುಗದ್ರೂ ಕೆಂಪು ತೋರಸಲಿಲ್ಲ. ನಿಂಬಿಹಣ್ಣಿಗೆ ಮಾತ್ರ ಸೋಲತೈತಿ, ಆ ಹುಳಿ ಕಪ್ಪನ್ನ ಕರಗಿಸಿ ಬೂದಿ ಬಣ್ಣ ಮಾಡತೈತಿ, ಹಂಗಾಗಿ ನಿಂಬಿಹಣ್ಣು ಕೊಯ್ದ ಕೂಡಲೇ ಒರಸ್ತೀನಿ, ನಾಲ್ಕು ತಿಂಗಳಿಗೊಮ್ಮೆ ಮತ್ತ ಎರಡು ಅದ್ದು ಕೊಡ್ತೀನಿ.

ನಡುವ ಅಜ್ಜನ ಚಂಚಿ ನೆನಪಾಗಿ ಒಣ ಸುಣ್ಣದ ಪುಡಿಯೊಳಗ ನಾಲ್ಕು ಚಾಕು ಹೂತಿಟ್ಟೆ. ಸ್ಟೀಲಿಗೆ ಏನೂ ಆಗಲಿಲ್ಲ, ಸುಣ್ಣದ ಹತ್ರ ಕಬ್ಬಣ ಜಂಗು ಹಿಡಿಯೂದಿಲ್ಲ ಅನ್ನೋದು ಖರೇ. ಆದ್ರ ಕೋಡಿನ ಹಿಡಿಕಿ ಪದರ ಪದರ ಬಿಚ್ಚಿ ಬಂತು. ಚಮಗಾರರು ಚರ್ಮದ ಕೂದಲಾ ಉದರಸಲಿಕ್ಕೆ ಸುಣ್ಣ ಹಾಕ್ತಾರಲ್ಲ, ಕೂದಲಾ ಕೋಡು ಎರಡೂ ಒಂದೇ ಜಾತಿ ಪದಾರ್ಥ. ಆ ಹಿಡಿಕಿಗೆ ಬಳ್ಳಾರಿ ಜಾಲಿ ಕಟ್ಟಿಗಿ ಹಾಕಿದೆ, ಹಿತ್ತಾಳಿ ತಂತಿ ಪಿನ್ನು ಬಡದೆ. ಹೊಲದ ಬದುವಿನ ಮ್ಯಾಲೆ ಪುಕ್ಕಟ ಸಿಗೋ ಈ ಜಾಲಿ ಇಷ್ಟು ಛಲೋ ಹಿಡಿಕಿ ಆಗತೈತಿ ಅಂತ ಯಾರೂ ನಂಬೂದಿಲ್ಲ, ಮಳೀಗೂ ಉಬ್ಬೂದಿಲ್ಲ. ಫ್ರಾನ್ಸಿನ ಒಪಿನೆಲ್ ಕಂಪನಿದು ನನ್ನ ಹತ್ರ ಒಂದು ಚಾಕು ಐತಿ, ಅದರ ಹಿಡಿಕಿ ಬೀಚ್ ಕಟ್ಟಿಗಿ, ಆಷಾಢ ಬಂತಂದ್ರ ಉಬ್ಬಿ ಅಲಗು ಹೊರಗ ಬರೂದಿಲ್ಲ, ಅಗಸಿ ಎಣ್ಣಿ ಕುಡಿಸಿದ ಮ್ಯಾಲೆ ಸ್ವಲ್ಪ ಹಾದಿಗೆ ಬಂತು. ಬಿಚ್ಚಿದ ಅಲಗು ಮಡಚದಂಗ ಹಿಡಿಯೋ ಅದರ ಕುತ್ತಿಗಿ ಉಂಗುರ, 1955ರಾಗ ಬಂದದ್ದು, ಅಷ್ಟು ಸಣ್ಣ ವಸ್ತು ಅಷ್ಟು ಛಲೋ ಕೆಲಸ ಮಾಡೋದು ನಾನು ಬ್ಯಾರೆ ಯಾವ ಚಾಕುನ್ಯಾಗೂ ನೋಡಿಲ್ಲ.

ಮಸಿಯಲಿಕ್ಕೆ ಅಂಗಡಿ ಕಾರ್ಬೊರಂಡಮ್ ಕಲ್ಲು, 200 ರೂಪಾಯಿ ಒಳಗ, ನೀರು ಹಾಕಿ. ಬಾದಾಮಿ ಕೆಂಪಗಲ್ಲಿನ ತುಂಡೂ ನೋಡೀನಿ, ಲಗೂ ತಿಂತೈತಿ, ಬಾಯಿ ಗರಗಸ ಗರಗಸ ಆಗತೈತಿ, ಹಗ್ಗಕ್ಕ ಕಬ್ಬಿಗೆ ಛಲೋ, ಪೆನ್ಸಿಲ್ಲಿಗೆ ಬ್ಯಾಡ. ಕಡೀ ಕೈಗೆ ಸಾಲಿ ಹುಡುಗರ ಹಳೇ ಕಲ್ಲಪಾಟಿ, ಆಮೇಲೆ ಹಳೇ ಬೆಲ್ಟಿನ ಒಳಮೈಗೆ ಹಸಿರು ಪಾಲಿಶ್ ತಿಕ್ಕಿ ಹತ್ತಿಪ್ಪತ್ತು ಎಳತ. ಕರೇ ಬಣ್ಣ ಹಾಕಿದ ಮ್ಯಾಲೆ ಬರೇ ಅಂಚು ಮಸೀಬೇಕು, ಬಗಲು ಕಲ್ಲಿಗೆ ತಾಗಿದ್ರ ಬಣ್ಣ ಹೋತು.

ಜೋಡಿ ಇಟ್ಕೊಂಡು ತಿರುಗೋದರಾಗ ಒಂದು ಮಾತು. ಆರ್ಮ್ಸ್ ರೂಲ್ಸ್ 2016ರಾಗ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಅಲಗಿಂದು ಹತಾರದ ಲೆಕ್ಕಕ್ಕ ಬರತೈತಿ, ಮನಿ ಕೆಲಸದ್ದು, ಒಕ್ಕಲತನದ್ದು ಬಿಟ್ಟು. ನಮ್ಮವು ಮೂರು ಮೂರೂವರಿ ಇಂಚು. ಹಂಗಂತ ವಿಮಾನದ ಕೈಚೀಲದಾಗ ನಡಿಯೂದಿಲ್ಲ. ಬೆಂಗಳೂರಿಗೆ ಹೋಗೋವಾಗ ಕಿಸೇದಾಗ ಮರತು ಒಂದು ಕೋಡಿನ ಚಾಕು ತಪಾಸಣಿ ಮೇಜಿನ ಮ್ಯಾಲೇ ಬಿಟ್ಟು ಬಂದೀನಿ, ನಾನೇ ಮೂರು ವಾರ ಕೂತು ಹಿಡಿಕಿ ಕೂಡಿಸಿದ್ದು ಅದು.

ಖರ್ಚು ಈ 12 ವರ್ಷದಾಗ 90 ಸಾವಿರ ಮುಟ್ಟಿರಬೇಕು, ಅದರಾಗ ಕೆಟ್ಟದ್ದು, ಮೋಸ ಹೋದದ್ದು ಸೇರಿ 15-16 ಸಾವಿರ. ಸಿಪ್ಪಿ ಕೆಲಸಕ್ಕ ಚಾಕು ಒಂದಕ್ಕ 20 ರೂಪಾಯಿನೂ ಬೀಳೂದಿಲ್ಲ. ಹೋದ ವರ್ಷ ಪುಣೆಯವರೊಬ್ಬರು ಜಾಲಿ ಹಿಡಿಕಿದು, ಕರೇ ಅಲಗಿಂದು ನೋಡಿ 4,500 ಕೊಟ್ಟು ಒಯ್ದ್ರು, ನಾನು ಕೇಳಿದ್ದು 4,000.

ಪೂಜಾ ಮುಗದ ಮರದಿನ ಕಂಬಾರ ಕಾಕಾ ತಮ್ಮ ಚಾಕು ತಂದ್ರು, ತಾವೇ ಹುಡುಗರಿದ್ದಾಗ ಕಮಾನ್‌ಪಟ್ಟಿ ತುಂಡಿನಿಂದ ಬಡದದ್ದಂತ. ಕೈಯಾಗ ಕೊಡಲಿಲ್ಲ, ಕೊಟ್ರ ಜಗಳ ಬರತೈತಂತ, ಕಟ್ಟಿ ಮ್ಯಾಲೆ ಇಟ್ರು, ನಾನು ಎತ್ಕೊಂಡೆ. ಮೂರು ಅದ್ದು ಆಗ್ಯಾವು, ಇವತ್ತ ರಾತ್ರಿ ನಾಲ್ಕನೇದು. ಕಾಕಾಗ ಹೊರಗ ಚಹಾ ಕುಡೀರಿ ಅಂತ ಹೇಳೀನಿ, ಆ ಚಿಟಿಕಿ ಹಾಕೋದು ಅವರಿಗೂ ತೋರಸೂದಿಲ್ಲ.