‘ಕೇಳಿಸ್ತಾ?’ ಅಂದಾಗ ತಲೆಯಾಡಿಸುತ್ತಿದ್ದ ದಿನಗಳು

ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಸೌಂಡ್ ಎಂಜಿನಿಯರ್ ಕೆಲಸ ಕಲಿಯಲು ಸೇರಿದ ಮೊದಲ ಆರು ತಿಂಗಳು ನಾನು ತುಂಬ ಹೆದರಿದ್ದು ಒಂದೇ ಪದಕ್ಕೆ. ‘ಕೇಳಿಸ್ತಾ?’

ಹಿರಿಯ ಎಂಜಿನಿಯರ್, ಸದ್ದಿನ ಜೋರಾದ ಭಾಗಗಳನ್ನು ಅದುಮುವ ಕಂಪ್ರೆಸರ್‌ನ ನಾಬ್ ಒಂಚೂರು ತಿರುಗಿಸಿ, ಹಿಂದೆ ಕೂತಿದ್ದ ನಮ್ಮ ಮೂವರ ಕಡೆ ನೋಡಿ ಹಾಗೆ ಕೇಳುತ್ತಿದ್ದರು. ಪಕ್ಕದವರು ‘ಹೌದು ಸರ್, ಸ್ವಲ್ಪ ಟೈಟ್ ಆಯ್ತು’ ಅನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ನನಗೆ ಏನೂ ಗೊತ್ತಾಗಿರುತ್ತಿರಲಿಲ್ಲ. ನಾಬ್ ತಿರುಗುವ ಮುಂಚೆ ಹೇಗಿತ್ತೋ ಆಮೇಲೂ ಹಾಗೇ ಇತ್ತು. ಇವರಿಗೆಲ್ಲ ಕೇಳಿಸುವುದು ನನಗೊಬ್ಬರಿಗೆ ಕೇಳಿಸುತ್ತಿಲ್ಲ ಅಂದರೆ ನನ್ನ ಕಿವಿಯಲ್ಲೇ ಏನೋ ಕೊರತೆ ಇದೆ, ಈ ಕೆಲಸಕ್ಕೆ ನಾನು ಬರಬಾರದಿತ್ತು ಅಂತ ಅನ್ನಿಸುತ್ತಿತ್ತು.

ಉಳಿದ ಕೆಲಸ ಬೇಗ ಕೈಗೆ ಹತ್ತಿತ್ತು. ಕೇಬಲ್ ಸುತ್ತುವುದು, ಸ್ಟ್ಯಾಂಡ್ ನಿಲ್ಲಿಸುವುದು, ಟ್ರ್ಯಾಕ್‌ಗಳಿಗೆ ಹೆಸರಿಡುವುದು. ಯಾವ ಮೈಕಿಗೆ ಕೇಬಲ್ ಮೂಲಕವೇ ಕೊಡುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು, ಯಾವುದಕ್ಕೆ ಬೇಡ ಅಂತ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಕಿವಿಯ ವಿಷಯ ಮಾತ್ರ ಹಾಗಲ್ಲ. ಚಿತ್ರ ಕಲಿಯುವವರು ತಮ್ಮ ಗೆರೆಯನ್ನು ಪಕ್ಕದವರ ಗೆರೆಯ ಜೊತೆ ಇಟ್ಟು ನೋಡಬಹುದು. ಪಕ್ಕದವರ ಕಿವಿಯೊಳಗೆ ಏನಾಗುತ್ತಿದೆ ಅಂತ ನೋಡೋಕೆ ದಾರಿಯೇ ಇಲ್ಲ. ಅದಕ್ಕೇ ಈ ಕೆಲಸ ಕಲಿಯುವವರಲ್ಲಿ ಅನುಮಾನ ಇಷ್ಟು ಸುಲಭವಾಗಿ ಬೇರು ಬಿಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಒಂದು ದಿನ ಡ್ರಮ್ಸ್ ರೆಕಾರ್ಡಿಂಗ್ ಇತ್ತು. ಸ್ನೇರ್ ಎಂಬ ಡ್ರಮ್ಮಿಗೆ ಮೇಲೊಂದು, ಕೆಳಗೊಂದು ಮೈಕ್ ಇಟ್ಟಿದ್ದೆವು. ಎರಡನ್ನೂ ಸೇರಿಸಿ ಕೇಳಿದಾಗ ಹಿರಿಯರು ಒಂದು ಕ್ಷಣವೂ ಯೋಚಿಸದೆ ಕೆಳಗಿನ ಮೈಕಿನ ಸಿಗ್ನಲನ್ನು ತಲೆಕೆಳಗು ಮಾಡುವ ಪೊಲ್ಯಾರಿಟಿ ಬಟನ್ ಒತ್ತಿದರು. ಅಲ್ಲಿಯವರೆಗೆ ರಟ್ಟಿನ ಡಬ್ಬಿ ಬಡಿದ ಹಾಗಿದ್ದ ಸ್ನೇರ್‌ಗೆ ಒಮ್ಮೆಲೇ ಮೈ ಬಂತು. ಅದು ನನಗೂ ಕೇಳಿಸಿತು! ಆದರೆ ಅವರು ಒತ್ತಿದ ಮೇಲೆ. ಒತ್ತುವ ಮುಂಚೆ ‘ಇಲ್ಲೇನೋ ಸರಿ ಇಲ್ಲ’ ಅಂತ ನನಗೆ ಹೊಳೆದೇ ಇರಲಿಲ್ಲ. ಕಡ್ಡಿ ಬಿದ್ದಾಗ ಮೇಲಿನ ಚರ್ಮ ಮೇಲಿನ ಮೈಕಿನಿಂದ ದೂರ ಹೋಗುತ್ತದೆ, ಕೆಳಗಿನ ಚರ್ಮ ಕೆಳಗಿನ ಮೈಕಿನ ಹತ್ತಿರ ಬರುತ್ತದೆ. ಎರಡು ಸಿಗ್ನಲ್‌ಗಳು ಒಂದಕ್ಕೊಂದು ವಿರುದ್ಧ, ಸೇರಿಸಿದರೆ ತಳದ ಸದ್ದನ್ನು ಒಂದನ್ನೊಂದು ನುಂಗಿಹಾಕುತ್ತವೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಗೊತ್ತಿದ್ದದ್ದು ಕಿವಿಗೆ ಇಳಿದಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನನ್ನ ಜೊತೆ ಯಾರೂ ಇಲ್ಲದಾಗ. ಅಭ್ಯಾಸಕ್ಕೆ ಕೊಟ್ಟಿದ್ದ ಹಾಡೊಂದನ್ನು ಮಿಕ್ಸ್ ಮಾಡುತ್ತಿದ್ದೆ, ಅಂದರೆ ಅದರ ಬೇರೆ ಬೇರೆ ಟ್ರ್ಯಾಕ್‌ಗಳನ್ನು ಹದವಾಗಿ ಸೇರಿಸುತ್ತಿದ್ದೆ. ದನಿಯಲ್ಲಿ ಮೂಗಿನಲ್ಲಿ ಹಾಡಿದಂಥ ಒಂದು ಗುಣ ಇತ್ತು. ತಗ್ಗಿನ, ಮೇಲಿನ ಸದ್ದುಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಇಕ್ಯೂನಲ್ಲಿ (ಈಕ್ವಲೈಸರ್) 1 ಕಿಲೋಹರ್ಟ್ಜ್ ಸುತ್ತ ನಿಧಾನವಾಗಿ ಕಡಿಮೆ ಮಾಡುತ್ತಾ ಹೋದೆ. ಎರಡು ಡೆಸಿಬೆಲ್, ಮೂರು ಡೆಸಿಬೆಲ್. ಮೂಗಿನ ಸದ್ದು ಹೋಯಿತು, ದನಿ ತೆರೆದುಕೊಂಡಿತು. ಬಹಳ ದಿನಗಳ ಮೇಲೆ ಖುಷಿಯಾಯಿತು. ಆಮೇಲೆ ನೋಡಿದರೆ ಆ ಇಕ್ಯೂ ಬೈಪಾಸ್‌ನಲ್ಲಿತ್ತು. ಹತ್ತು ನಿಮಿಷ ನಾನು ತಿರುಗಿಸಿದ್ದು ಸದ್ದಿಗೆ ತಗಲಿರಲೇ ಇಲ್ಲ.

ಅವತ್ತು ಹೆಡ್‌ಫೋನ್ ತೆಗೆದಿಟ್ಟು ಸುಮ್ನೆ ಕೂತುಬಿಟ್ಟೆ. ಇರುವುದು ಕೇಳಿಸಲ್ಲ, ಇಲ್ಲದ್ದು ಕೇಳಿಸುತ್ತದೆ. ಇನ್ನು ಯಾವುದನ್ನು ನಂಬುವುದು?

ಮಾರನೆಯ ದಿನವೂ ಅದೇ ಪ್ರಶ್ನೆ ಬಂತು. ‘ಕೇಳಿಸ್ತಾ?’ ನಾನು ‘ಇಲ್ಲ ಸರ್’ ಅಂದೆ. ಧೈರ್ಯ ಬಂದು ಹೇಳಿದ್ದಲ್ಲ, ಇನ್ನೊಂದು ಸಲ ಸುಳ್ಳು ಹೇಳುವಷ್ಟು ತ್ರಾಣ ಇರಲಿಲ್ಲ, ಅಷ್ಟೇ. ಅವರು ನನ್ನನ್ನು ಒಂದು ಗಳಿಗೆ ನೋಡಿ, ‘ಬಾ, ಇಲ್ಲಿ ಕೂತ್ಕೊ’ ಅಂತ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಸ್ಪೀಕರ್‌ಗಳ ನಡುವಿನ ಆ ಜಾಗದಲ್ಲಿ ಅವತ್ತಿನವರೆಗೆ ನಾನು ಕೂತೇ ಇರಲಿಲ್ಲ. ಹಿಂದಿನ ಗೋಡೆಗೆ ಒರಗಿ ಕೂತು, ಅವರಿಗೆ ಕೇಳಿಸಿದ್ದೇ ನನಗೂ ಕೇಳಿಸಬೇಕು ಅಂತ ಒದ್ದಾಡುತ್ತಿದ್ದೆ. ಗೋಡೆಯ ಪಕ್ಕ ಬಾಸ್, ಅಂದರೆ ತಳದ ಸದ್ದು, ಗುಡ್ಡೆಯಾಗಿ ಸೇರಿಕೊಂಡು ಉಳಿದದ್ದನ್ನು ಮುಚ್ಚಿಬಿಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಕಂಪ್ರೆಸರ್ ಕೇಳುವುದು ಹೇಗೆ ಅಂತ ಅವರು ತೋರಿಸಿದ್ದು ಹೀಗೆ. ಮೊದಲು ಎಲ್ಲವನ್ನೂ ಅತಿಗೆ ಒಯ್ಯಿ. ರೇಶಿಯೊ, ಅಂದರೆ ಎಷ್ಟು ಅದುಮಬೇಕು ಅನ್ನುವುದು, 10ಕ್ಕೆ 1. ಯಾವ ಜೋರಿನಿಂದ ಅದುಮಬೇಕು ಅನ್ನುವ ಥ್ರೆಶೋಲ್ಡ್ ಪೂರ್ತಿ ಕೆಳಗೆ. ಸ್ನೇರ್ ಒಂದೇ ಸೋಲೊ. ಅದುಮಲು ಹಿಡಿಯುವ ಸಮಯ, ಅಂದರೆ ಅಟ್ಯಾಕ್, 30 ಮಿಲಿಸೆಕೆಂಡಿನಲ್ಲಿಟ್ಟರೆ ಕಡ್ಡಿ ಬಿದ್ದ ‘ಟಕ್’ ಅನ್ನುವುದು ತಪ್ಪಿಸಿಕೊಂಡು ಮುಂದೆ ಬರುತ್ತದೆ, ಆಮೇಲೆ ಮೈ ಅಡಗುತ್ತದೆ. ಅದನ್ನು 1 ಮಿಲಿಸೆಕೆಂಡಿಗೆ ಇಳಿಸುತ್ತಾ ಬಂದರೆ ಆ ‘ಟಕ್’ ಸವೆದು ಸವೆದು ‘ತಪ್’ ಆಗುತ್ತದೆ. ಅದುಮಿದ್ದನ್ನು ಬಿಡುವುದನ್ನು, ಅಂದರೆ ರಿಲೀಸನ್ನು, ವೇಗ ಮಾಡಿದರೆ ಪೆಟ್ಟುಗಳ ನಡುವಿನ ಕೋಣೆಯ ಸದ್ದು ಉಸಿರೆಳೆದ ಹಾಗೆ ಮೇಲೇಳುತ್ತದೆ. ಇಷ್ಟು ಅತಿಯಾದಾಗ ಯಾರಿಗಾದರೂ ಕೇಳಿಸುತ್ತದೆ. ಏನನ್ನು ಹುಡುಕಬೇಕು ಅಂತ ಕಿವಿಗೆ ತಿಳಿದ ಮೇಲೆ ಥ್ರೆಶೋಲ್ಡ್ ಮೇಲೆ ತಂದು, ರೇಶಿಯೊ ಇಳಿಸುತ್ತಾ ಬನ್ನಿ. ಎಲ್ಲಿ ಕೇಳಿಸುವುದು ನಿಲ್ಲುತ್ತದೋ ಅಲ್ಲಿ ಗುರುತು ಮಾಡಿಕೊಳ್ಳಿ. ಅದೇ ಇವತ್ತಿನ ನಿಮ್ಮ ಗಡಿ.

ಒಂದು ಎಚ್ಚರಿಕೆ. ಬೈಪಾಸ್ ಮಾಡಿ ಹೋಲಿಸುವಾಗ ಎರಡರ ಜೋರೂ ಸಮ ಇರಲೇಬೇಕು. ಒಂದು ಡೆಸಿಬೆಲ್ ಜಾಸ್ತಿ ಇದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಅಂದುಬಿಡುತ್ತದೆ. ನಾನು ಸದ್ದು ತಿದ್ದುವ ಎಷ್ಟೋ ಸಾಫ್ಟ್‌ವೇರ್ ಪ್ಲಗಿನ್‌ಗಳನ್ನು ಅದ್ಭುತ ಅಂದುಕೊಂಡಿದ್ದೆ. ಅವು ಸದ್ದನ್ನು ಜೋರು ಮಾಡಿದ್ದವು, ಬೇರೇನೂ ಇಲ್ಲ.

ಆ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಬೆಳಿಗ್ಗೆ ಕಿವಿ ದಣಿಯುವ ಮುಂಚೆ 15 ನಿಮಿಷ ಅಭ್ಯಾಸ. ಮಳೆ ಸುರಿದ ಹಾಗೆ ಕೇಳುವ ಪಿಂಕ್ ನಾಯ್ಸ್ ಹಾಕಿ, 63 ಹರ್ಟ್ಜ್‌ನಿಂದ ದುಪ್ಪಟ್ಟಾಗುತ್ತಾ 125, 250, 500 ಹೀಗೆ 16 ಕಿಲೋಹರ್ಟ್ಜ್‌ವರೆಗಿನ ಒಂಬತ್ತು ಬ್ಯಾಂಡ್‌ಗಳಲ್ಲಿ ಯಾವುದೋ ಒಂದನ್ನು 12 ಡೆಸಿಬೆಲ್ ಎತ್ತುವುದು. ಯಾವುದು ಅಂತ ನೋಡದೆ ಹೇಳಬೇಕು. ದಿನಕ್ಕೆ ಇಪ್ಪತ್ತು ಸಲ. ಮೊದಲ ವಾರ ಇಪ್ಪತ್ತರಲ್ಲಿ ಏಳು ಸರಿಯಾದವು. ಓದುವವರಿಗೆ ಕಡಿಮೆ ಅನ್ನಿಸಬಹುದು. ಆದರೆ ಒಂಬತ್ತರಲ್ಲಿ ಒಂದನ್ನು ಸುಮ್ನೆ ಊಹಿಸಿದರೆ ಇಪ್ಪತ್ತಕ್ಕೆ ಎರಡೋ ಮೂರೋ ಸರಿಯಾಗುತ್ತವೆ, ಅಷ್ಟೇ. ಏಳು ಅಂದರೆ ನನಗೆ ಏನೋ ಕೇಳಿಸುತ್ತಿದೆ ಅಂತ ಅರ್ಥ. ಎಷ್ಟೋ ತಿಂಗಳ ಮೇಲೆ ನನ್ನ ಬಗ್ಗೆ ನನಗೆ ಸಿಕ್ಕ ಮೊದಲ ನಂಬಬಹುದಾದ ಸುದ್ದಿ ಅದು.

ತುಂಬ ಸಹಾಯ ಮಾಡಿದ್ದು ನಮ್ಮ ಸ್ವರಾಕ್ಷರಗಳು. 250 ಹರ್ಟ್ಜ್ ಎತ್ತಿದಾಗ ನಾಯ್ಸ್ ‘ಊ’ ಅಂದ ಹಾಗೆ ಕೇಳುತ್ತದೆ. 500ಕ್ಕೆ ‘ಓ’. 1 ಕಿಲೋಹರ್ಟ್ಜ್‌ಗೆ ‘ಆ’. 2ಕ್ಕೆ ‘ಏ’. 4ಕ್ಕೆ ‘ಈ’. 8ಕ್ಕೆ ಬಂದರೆ ‘ಸ್’. ಬಾಯಿ ತೆರೆದು ಊ, ಓ, ಆ, ಏ, ಈ ಅಂತ ಹೇಳಿ ನೋಡಿ, ಒಳಗಿನ ಸದ್ದು ಮೆಟ್ಟಿಲು ಹತ್ತಿದ ಹಾಗೆ ತೆಳ್ಳಗಾಗುತ್ತಾ ಹೋಗುವುದು ಗೊತ್ತಾಗುತ್ತದೆ. ಮಾತು ಕಲಿತ ಯಾರ ಕಿವಿಯಾದರೂ ಈ ವ್ಯತ್ಯಾಸವನ್ನು ಹಿಡಿಯಲೇಬೇಕು, ಇಲ್ಲದಿದ್ದರೆ ‘ಊಟ’ಕ್ಕೂ ‘ಆಟ’ಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ ಅಲ್ವಾ? ಇದು ಹೊಳೆದ ದಿನ ನನಗೆ ನಿಜವಾಗಿ ಸಮಾಧಾನವಾಯಿತು. ಕಿವಿ ಎಷ್ಟೋ ವರ್ಷದಿಂದ ಈ ಕೆಲಸ ಮಾಡುತ್ತಲೇ ಇತ್ತು. ಅದು ಗುರುತಿಸಿದ್ದಕ್ಕೆ ಅಂಕಿಯ ಹೆಸರು ಕೊಡುವುದನ್ನು ನಾನು ಕಲಿಯಬೇಕಿತ್ತು.

ಮೂರನೇ ತಿಂಗಳಿಗೆ ಇಪ್ಪತ್ತರಲ್ಲಿ ಹದಿನೇಳು. ಆಮೇಲೆ 12 ಡೆಸಿಬೆಲ್ ಇದ್ದದ್ದನ್ನು 6ಕ್ಕೆ ಇಳಿಸಿದೆ, ಅಂಕಿ ಮತ್ತೆ ಒಂಬತ್ತಕ್ಕೆ ಬಿತ್ತು. ಬಿದ್ದಾಗ ಬೇಜಾರಾಯಿತು, ಆದರೆ ಹೆದರಿಕೆ ಆಗಲಿಲ್ಲ. ಮುಂಚಿನ ಪುಟಗಳು ಕೈಯಲ್ಲೇ ಇದ್ದವು.

ಆ ದಿನಗಳಲ್ಲಿ ಆಪ್ತರು ತುಂಬ ಧೈರ್ಯ ಹೇಳಿದರು. ‘ನಿನಗೆ ಇರೋದು ಇಂಪೋಸ್ಟರ್ ಸಿಂಡ್ರೋಮ್’ ಅಂದವರೂ ಇದ್ದರು. ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಃಶಾಸ್ತ್ರಜ್ಞೆಯರು 1978ರಲ್ಲಿ ಬರೆದ ವಿಷಯ ಅದು. ಸಾಧನೆ ಮಾಡಿದ ಮೇಲೂ ‘ನಾನು ಇದಕ್ಕೆ ಯೋಗ್ಯಳಲ್ಲ, ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ’ ಅಂತ ಒಳಗೊಳಗೇ ನಂಬಿಕೊಂಡಿದ್ದ ಹೆಂಗಸರನ್ನು ಅವರು ಕಂಡಿದ್ದರು. ಅಂಥ ನೋವು ಇರುವವರಿಗೆ ಆ ಮಾತು ದೊಡ್ಡ ಆಸರೆ. ನನ್ನ ಕಥೆ ಅದಾಗಿರಲಿಲ್ಲ. ನನಗೆ ನಿಜವಾಗಿಯೂ ಕೇಳಿಸುತ್ತಿರಲಿಲ್ಲ! ‘ನಿನಗೆ ಎಲ್ಲ ಬರುತ್ತೆ, ನಿನ್ನನ್ನು ನೀನು ನಂಬು’ ಅಂದಷ್ಟೂ ನಾನು ಇನ್ನಷ್ಟು ಒಂಟಿಯಾಗುತ್ತಿದ್ದೆ. ಕಲಿಯುವವರು ‘ನನಗೆ ಬರಲ್ಲ’ ಅಂದಾಗ ಮೊದಲು ‘ಏನು ಬರಲ್ಲ?’ ಅಂತ ಕೇಳಬೇಕು. ಉತ್ತರ ಬಂದರೆ ಅದನ್ನು ಕಲಿಸಬಹುದು.

ಇನ್ನೊಂದು ಪಾಠ ಕೋಣೆಯಿಂದ ಬಂತು. ನನ್ನ ಅಭ್ಯಾಸದ ಕೋಣೆಯ ಉದ್ದ 4 ಮೀಟರ್. ನಾನು ಕೂರುತ್ತಿದ್ದದ್ದು ಸರಿಯಾಗಿ ಮಧ್ಯದಲ್ಲಿ. ಎಷ್ಟು ಸಲ ಮಿಕ್ಸ್ ಮಾಡಿದರೂ ಬಾಸ್ ಸಾಲದು ಅನ್ನಿಸಿ ಏರಿಸುತ್ತಿದ್ದೆ. ಹೊರಗೆ ಹೋಗಿ ಕೇಳಿದರೆ ಗುಂಯ್‌ಗುಡುತ್ತಿತ್ತು. ಮತ್ತೆ ಅದೇ ಯೋಚನೆ, ನನ್ನ ಕಿವಿಗೆ ಬಾಸ್ ಗೊತ್ತಾಗಲ್ಲ. ಒಂದು ದಿನ ಲೆಕ್ಕ ಹಾಕಿದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 8ರಿಂದ ಭಾಗಿಸಿದರೆ ಸುಮಾರು 43 ಹರ್ಟ್ಜ್. ಆ ಸದ್ದು ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಗೋಡೆಗಳ ಬಳಿ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ ಮೂಲ ಸ್ವರ 41 ಹರ್ಟ್ಜ್. ನನಗೆ ಕೇಳದೆ ಹೋಗುತ್ತಿದ್ದದ್ದು ಅದೇ. ಕುರ್ಚಿಯನ್ನು ಮುಂದಕ್ಕೆ ಎಳೆದೆ. ಬಾಸ್ ಬಂತು. ಅಷ್ಟು ತಿಂಗಳು ನನ್ನ ಮೇಲೆ ಹೊತ್ತುಕೊಂಡಿದ್ದ ತಪ್ಪು ಕುರ್ಚಿಯದ್ದಾಗಿತ್ತು.

ರಾತ್ರಿ ಜೋರಾಗಿ ಇಟ್ಟುಕೊಂಡು ಮಾಡಿದ ಮಿಕ್ಸ್ ಬೆಳಿಗ್ಗೆ ಮೆಲ್ಲಗೆ ಕೇಳಿದರೆ ಸಪ್ಪೆಯಾಗಿರುತ್ತಿದ್ದುದಕ್ಕೂ ಹೀಗೇ ಉತ್ತರ ಸಿಕ್ಕಿತು. ಸದ್ದು ಸಣ್ಣದಾದಷ್ಟೂ ಮನುಷ್ಯರ ಕಿವಿಗೆ ಬಾಸ್ ಬಹಳ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದಾರೆ. ಈಗ ಸ್ಪೀಕರ್ ನಾಬ್‌ಗೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿದ್ದೇನೆ, ಹೆಚ್ಚಿನ ಕೆಲಸವೆಲ್ಲ ಆ ಜೋರಿನಲ್ಲೇ. ಇಕ್ಯೂ ಬೈಪಾಸ್‌ನಲ್ಲಿದ್ದರೂ ಬದಲಾವಣೆ ಕೇಳಿದ್ದು? ಅದೂ ಎಲ್ಲರಿಗೂ ಆಗುವಂಥದ್ದೇ. ಕೇಳಬೇಕು ಅಂತ ಕಾದು ಕೂತ ಕಿವಿಗೆ ಕೇಳಿಸಿಬಿಡುತ್ತದೆ. ಅದಕ್ಕೆ ಕಣ್ಣು ಮುಚ್ಚಿ, ಬೈಪಾಸ್ ಬಟನ್ ಲೆಕ್ಕ ತಪ್ಪುವಷ್ಟು ಸಲ ಒತ್ತಿ, ಆಮೇಲೆ ಯಾವುದು ಇಷ್ಟ ಅಂತ ಕೇಳಿ ನೋಡುತ್ತೇನೆ.

ಅನುಮಾನ ಇದರಿಂದ ಹೋಗಿಬಿಟ್ಟಿತು ಅಂತ ಅಂದುಕೊಳ್ಳಬೇಡಿ. ಸೇರಿ ಒಂದು ವರ್ಷ ಆಗಿತ್ತು. ದನಿ ರೆಕಾರ್ಡಿಂಗನ್ನು ಮೊದಲ ಸಲ ನನ್ನ ಕೈಗೆ ಬಿಟ್ಟರು. ಲೆವೆಲ್ ನೋಡುವಾಗ ಗಾಯಕಿ ಮೆಲ್ಲಗೆ ಗುನುಗಿದರು, ಅದಕ್ಕೆ ತಕ್ಕ ಹಾಗೆ ಗೇನ್, ಅಂದರೆ ಮೈಕಿನ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಏರಿಸಿಟ್ಟೆ. ಟೇಕ್‌ನಲ್ಲಿ ಅವರು ಮೈಮರೆತು ಹಾಡಿದರು. ಮೇಲಿನ ಸ್ವರಕ್ಕೆ ಹೋದಾಗ ಮೀಟರ್ ಸೊನ್ನೆಗೆ ಬಡಿದು ಕೆಂಪಾಯಿತು. ಕ್ಲಿಪ್. ಡಿಜಿಟಲ್‌ನಲ್ಲಿ ಸೊನ್ನೆಯ ಮೇಲೆ ಜಾಗವೇ ಇಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ. ರಿಪೇರಿ ಸಾಫ್ಟ್‌ವೇರ್‌ನಿಂದ ಒಂದಿಷ್ಟು ಸರಿ ಮಾಡಿದರೂ ಆ ಸಾಲು ಮೊದಲಿನಂತಾಗಲಿಲ್ಲ. ಅವರು ಇನ್ನೂ ನಾಲ್ಕು ಸಲ ಹಾಡಿದರು. ಆ ಮೊದಲ ಸಲದ್ದು ಮತ್ತೆ ಬರಲಿಲ್ಲ. ಅವರ ಮುಖ ನೋಡೋಕೆ ನನಗೆ ಆಗಲಿಲ್ಲ.

ಅವತ್ತು ರಾತ್ರಿ ಎಲ್ಲ ಹಳೆಯ ಮಾತುಗಳೂ ವಾಪಸ್ ಬಂದವು. ನಿದ್ದೆ ಬರದೆ ನೋಟ್‌ಬುಕ್ ತೆಗೆದು ಅಂಕಿಗಳ ಕೆಳಗೆ ಬರೆದೆ: ‘ಲೆವೆಲ್ ನೋಡುವಾಗ ಹಾಡಿನ ಅತಿ ಜೋರಿನ ಸಾಲನ್ನೇ ಹಾಡಿಸಬೇಕು. ಅದೂ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗೇನ್ ಇಡಬೇಕು. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಕೆಳಗೆ ಬೇಕಾದಷ್ಟು ಜಾಗ ಇದೆ.’ ಬರೆದ ಮೇಲೂ ಎದೆ ಭಾರ ಇಳಿಯಲಿಲ್ಲ. ಅಷ್ಟು ಒಳ್ಳೆಯ ಟೇಕ್ ಹೋಗಿದ್ದಕ್ಕೆ ಭಾರ ಆಗಲೇಬೇಕಿತ್ತು.

ಎರಡು ತಿಂಗಳ ಮೇಲೆ ಅದೇ ಗಾಯಕಿ ಇನ್ನೊಂದು ಹಾಡಿಗೆ ಬಂದರು. ನಾನು ಹೋಗಿ, ‘ಮೇಡಂ, ಮೊದಲು ಚರಣದ ಆ ಮೇಲಿನ ಸಾಲು ಪೂರ್ತಿ ದನಿಯಲ್ಲಿ ಹಾಡಿಬಿಡಿ’ ಅಂತ ಕೇಳಿದೆ. ಹಾಡಿದರು. ಗೇನ್ ಇಟ್ಟೆ. ಟೇಕ್ ಮುಗಿದಾಗ ಮೀಟರ್‌ನ ಗುರುತು ಮೈನಸ್ 9ರಲ್ಲಿ ನಿಂತಿತ್ತು. ಹಿರಿಯರು ಒಂದು ಸಾಲನ್ನು ಮತ್ತೆ ಹಾಕಿ ನನ್ನ ಕಡೆ ತಿರುಗಿದರು.

‘ಕೇಳಿಸ್ತಾ?’

‘ಇಲ್ಲ ಸರ್. ಇನ್ನೊಂದು ಸಲ ಹಾಕಿ.’

ಹಾಕಿದರು. ದನಿ ನಿಂತು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ತುಂಬ ಹಿಂದೆ, ಟಿಕ್ ಟಿಕ್ ಅಂತ ಸಣ್ಣಗೆ ಏನೋ ಇತ್ತು.

‘ಹೆಡ್‌ಫೋನಿನಿಂದ ಕ್ಲಿಕ್ ಸೋರಿದೆ ಸರ್’ ಅಂದೆ. ತಾಳ ತಪ್ಪದಿರಲಿ ಅಂತ ಗಾಯಕಿಯ ಹೆಡ್‌ಫೋನಿಗೆ ಕೊಟ್ಟಿದ್ದ ಕ್ಲಿಕ್ ಟ್ರ್ಯಾಕನ್ನು ತಗ್ಗಿಸಿ, ಕಿವಿ ಪೂರ್ತಿ ಮುಚ್ಚುವ ಇನ್ನೊಂದು ಹೆಡ್‌ಫೋನ್ ತೆಗೆದುಕೊಂಡು ಒಳಗೆ ಹೋದೆ.