ಮಗು ರಾಷ್ಟ್ರಗೀತೆ ಹಾಡಲ್ಲ ಅಂದ್ರೆ ಸ್ಕೂಲಲ್ಲಿ ಏನ್ ಮಾಡ್ಬೇಕು

ಪ್ರೇಯರ್ ಟೈಮಲ್ಲಿ ಸಾಲಲ್ಲಿ ನಿಂತು ಬಾಯಿ ಮುಚ್ಕೊಂಡಿರೋ ಮಗು ಮೇಲೆ ಪಿಟಿ ಮಾಸ್ಟ್ರ ಕಣ್ಣು ಬಿದ್ದೇ ಬೀಳುತ್ತೆ. ನಂಬಿಕೆ ಕಾರಣಕ್ಕೆ ಜನಗಣಮನ ಹಾಡದ ಮನೆ ನಿಮ್ದಾಗಿದ್ರೆ, ಅವ್ರು ಕರೆದು ಕೇಳೋ ತನಕ ಕಾಯ್ಬೇಡಿ, ಸ್ಕೂಲ್ ಶುರುವಾದ ವಾರದಲ್ಲೇ ಕೆಲ್ಸ ಮುಗಿಸ್ಕೊಳ್ಳಿ.

ಮೊದ್ಲು ಒಂದು ಕೇಸ್ ಗೊತ್ತಿರ್ಬೇಕು, ಬಿಜೋ ಇಮ್ಯಾನುಯೆಲ್ ವರ್ಸಸ್ ಸ್ಟೇಟ್ ಆಫ್ ಕೇರಳ. ಯೆಹೋವನ ಸಾಕ್ಷಿಗಳು ಅನ್ನೋ ಪಂಥದ ಮನೆಯ ಮೂರು ಮಕ್ಕಳು, ಹತ್ತು, ಒಂಬತ್ತು, ಐದನೇ ಕ್ಲಾಸು, ದಿನಾ ಎಲ್ಲರ ಜೊತೆ ಎದ್ದು ನಿಲ್ತಿದ್ರು, ಹಾಡ್ತಿರ್ಲಿಲ್ಲ ಅಷ್ಟೇ. ಒಬ್ಬ ಎಂಎಲ್‌ಎ ಅದನ್ನ ನೋಡಿ ವಿಧಾನಸಭೇಲಿ ಎತ್ತಿದ್ರು, ತನಿಖೆ ಆಯ್ತು, ಮಕ್ಕಳು ಅಗೌರವ ತೋರಿಸಿಲ್ಲ ಅಂತ ರಿಪೋರ್ಟೂ ಬಂತು, ಆದ್ರೂ 1985ರ ಜುಲೈನಲ್ಲಿ ಮೂವರನ್ನೂ ಸ್ಕೂಲಿಂದ ತೆಗೆದ್ರು. ಕೇರಳ ಹೈಕೋರ್ಟ್, ಆ ಹಾಡಲ್ಲಿ ಯಾವ ಧರ್ಮಕ್ಕೂ ನೋವಾಗೋ ಪದ ಇಲ್ವಲ್ಲ ಅಂತ ಹೇಳಿ ಅರ್ಜಿ ವಜಾ ಮಾಡ್ತು. 1986ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್, ಜಸ್ಟಿಸ್ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಇದ್ದ ಪೀಠ, ಅದನ್ನ ತಿರುಗಿಸಿ ಮಕ್ಕಳನ್ನ ವಾಪಸ್ ಸೇರಿಸ್ಕೊಳ್ಳಿ ಅಂತು. ಹಾಡಿನ ಪದಗಳನ್ನ ತೂಗಿ ನೋಡೋದು ಕೋರ್ಟಿನ ಕೆಲ್ಸ ಅಲ್ಲ, ಆ ನಂಬಿಕೆ ಅವ್ರಿಗೆ ನಿಜವಾಗ್ಲೂ ಇದ್ಯಾ ಅಂತಷ್ಟೇ ನೋಡ್ಬೇಕು ಅಂತ ಹೇಳ್ತು. ಮಾತಾಡೋ ಹಕ್ಕಲ್ಲೇ ಸುಮ್ನಿರೋ ಹಕ್ಕೂ ಇದೆ, ಎದ್ದು ನಿಂತ್ರೆ ಗೌರವ ಕೊಟ್ಟಂಗೇ ಅಂತಾನೂ ಇದೆ.

ಅದಕ್ಕೇ ಮಗುಗೆ ಹೇಳ್ಕೊಡೋ ಮೊದಲ ಪಾಠ ನಿಂತ್ಕೊಳ್ಳೋದು. ಕೂತ್ಕೊಳ್ಳೋದು, ಪಕ್ಕದವ್ರ ಜೊತೆ ಪಿಸುಪಿಸು ಮಾಡೋದು, ನಗೋದು, ಇವ್ಯಾವುದಕ್ಕೂ ಈ ತೀರ್ಪು ಕಾವಲಿಲ್ಲ. 1971ರ ರಾಷ್ಟ್ರ ಗೌರವ ಕಾಯ್ದೆ 3ನೇ ಸೆಕ್ಷನ್ ಪ್ರಕಾರ ಬೇರೆಯವ್ರು ಹಾಡೋದನ್ನ ಬೇಕಂತಲೇ ತಡೆದ್ರೆ ಇಲ್ಲಾ ಗಲಾಟೆ ಮಾಡಿದ್ರೆ 3 ವರ್ಷದ ತನಕ ಜೈಲಿದೆ, ಸುಮ್ನೆ ನಿಂತಿರೋದು ಅದ್ರಲ್ಲಿಲ್ಲ. ಬರೀ ರಾಜಕೀಯ ಸಿಟ್ಟಿಗೆ ಹಾಡಲ್ಲ ಅನ್ನೋರಿಗೂ ಈ ತೀರ್ಪು ಇಷ್ಟೇ ಗಟ್ಟಿಯಾಗಿ ನಿಲ್ಲುತ್ತೆ ಅಂತ ಮಾತ್ರ ನಾನು ಹೇಳಲ್ಲ.

ಆಮೇಲೆ ಲೆಟರ್. ಹೆಡ್‌ಮಾಸ್ಟ್ರ ಹೆಸ್ರಿಗೆ, ಅರ್ಧ ಪೇಜು ಸಾಕು, ಕೋರ್ಟು ಕಚೇರಿ ಅಂತ ಹೆದರಿಸೋ ಭಾಷೆ ಬೇಡ. 'ನನ್ನ ಮಗಳು ರಾಷ್ಟ್ರಗೀತೆಯ ಸಮಯದಲ್ಲಿ ಎಲ್ಲರ ಜೊತೆ ಗೌರವದಿಂದ ಎದ್ದು ನಿಲ್ಲುತ್ತಾಳೆ. ನಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುವುದಿಲ್ಲ. ಇದರಿಂದ ಬೇರೆ ಮಕ್ಕಳಿಗೆ ತೊಂದರೆಯಾಗುವುದಿಲ್ಲ.' ಕೆಳಗೆ ಕೇಸಿನ ಹೆಸ್ರು, ಜೊತೆಗೆ ಎಐಆರ್ 1987 ಎಸ್‌ಸಿ 748 (ತೀರ್ಪುಗಳ ಸಂಗ್ರಹದಲ್ಲಿ ಅದನ್ನ ಹುಡುಕೋ ನಂಬರು) ಅಂತ ಬರೀರಿ, ತೀರ್ಪಿನ ಝೆರಾಕ್ಸ್ ಇಡಿ. ಎರಡು ಕಾಪಿ ಒಯ್ದು ಒಂದಕ್ಕೆ ಸೀಲು, ತಾರೀಖು, ಸಹಿ ಹಾಕಿಸ್ಕೊಂಡೇ ಬನ್ನಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳ್ಸಿ ರಸೀದಿ ಎತ್ತಿಡಿ. ಬಾಯ್ಮಾತಲ್ಲಿ 'ಆಯ್ತು ಬಿಡಿ ಸರ್' ಅಂದವ್ರೇ ಜಾಸ್ತಿ, ಆದ್ರೆ ಹೆಡ್‌ಮಾಸ್ಟ್ರು ಟ್ರಾನ್ಸ್‌ಫರ್ ಆದ್ರೆ ಆ ಮಾತೂ ಅವ್ರ ಜೊತೆ ಹೋಗುತ್ತೆ.

ಮಗುಗೆ ಒಂದೇ ಲೈನ್ ಬಾಯಿಪಾಠ ಮಾಡ್ಸಿ: 'ಮಿಸ್, ನಾನು ನಿಂತ್ಕೋತೀನಿ, ಹಾಡಲ್ಲ, ಅಪ್ಪ ಲೆಟರ್ ಕೊಟ್ಟಿದ್ದಾರೆ.' ಎಂಟು ವರ್ಷದ ಮಗು ಸಂವಿಧಾನದ 25ನೇ ವಿಧಿ (ಧಾರ್ಮಿಕ ಸ್ವಾತಂತ್ರ್ಯ) ಬಗ್ಗೆ ಸ್ಟಾಫ್ ರೂಮಲ್ಲಿ ನಿಂತು ವಾದ ಮಾಡೋದು ಬೇಡ ಮಾರಾಯ್ರೆ, ಅದು ದೊಡ್ಡವ್ರ ಕೆಲ್ಸ.

ಸ್ಕೂಲವ್ರು 'ಇಲಾಖೆ ಸರ್ಕ್ಯುಲರ್ ಇದೆ' ಅಂದ್ರೆ ಅದರ ಕಾಪಿ ಕೇಳಿ, ಯಾವ ಕಾಯ್ದೆ ಕೆಳಗೆ ಹೊರಡಿಸಿದ್ದು ಅಂತಾನೂ ಕೇಳಿ. ಕೇರಳದವ್ರೂ ಸರ್ಕ್ಯುಲರೇ ತೋರ್ಸಿದ್ದು, ಅದಕ್ಕೆ ಶಾಸನದ ಬಲ ಇಲ್ಲ, ಬರೀ ಇಲಾಖೆ ಸೂಚನೆ ಇಟ್ಕೊಂಡು ಮೂಲಭೂತ ಹಕ್ಕು ಕಿತ್ಕೊಳ್ಳೋಕಾಗಲ್ಲ ಅಂತ ಕೋರ್ಟ್ ಹೇಳಿದ್ದು. ಪ್ರೇಯರಲ್ಲಿ ದೇವರ ಶ್ಲೋಕ ಹೇಳಿಸ್ತಿದ್ರೆ ಅದು ಬೇರೆ ವಿಷ್ಯ, ಅಲ್ಲಿ ಶಾಲೆಗಳಲ್ಲಿ ಧರ್ಮಬೋಧನೆ, ಪೂಜೆ ಬಗ್ಗೆ ಹೇಳೋ 28ನೇ ವಿಧಿ ನೋಡಿ.

ಮಗುನ ಬಿಸ್ಲಲ್ಲಿ ನಿಲ್ಸೋದು, ಎಲ್ರ ಮುಂದೆ ದೇಶದ್ರೋಹಿ ಅಂತ ಬೈಯೋದು ನಡೆದ್ರೆ ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದೆ, ದೈಹಿಕ ಶಿಕ್ಷೆ ಮಾನಸಿಕ ಹಿಂಸೆ ಎರಡೂ ನಿಷೇಧ. ಎಂಟನೇ ಕ್ಲಾಸ್ ಮುಗಿಯೋ ತನಕ ಸ್ಕೂಲಿಂದ ತೆಗೆಯೋ ಹಾಗಿಲ್ಲ ಅಂತ 16ನೇ ಸೆಕ್ಷನ್ ಹೇಳುತ್ತೆ. ಬಿಇಓಗೆ (ತಾಲೂಕಿನ ಶಿಕ್ಷಣಾಧಿಕಾರಿ) ಬರೀರಿ, ಅಲ್ಲಾಗ್ಲಿಲ್ಲ ಅಂದ್ರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ಜೊತೆಗೇ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೊಂದು ಕಾಪಿ. ಟಿಸಿ ನೀವೇ ತಗೊಂಡು ಹೋಗಿ ಅಂತ ಒತ್ತಾಯ ಮಾಡಿದ್ರೆ ಯಾವ ಅರ್ಜಿಗೂ ಸಹಿ ಹಾಕ್ಬೇಡಿ, ಹಾಕಿದ್ರೆ ತೆಗೆದಿದ್ದಲ್ಲ, ನೀವೇ ಬಿಟ್ಟಿದ್ದು ಅಂತಾಗುತ್ತೆ.

ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಆರ್‌ಟಿಇ ಆಸರೆ ಇಲ್ಲ, ತೆಗೆದ್ರೆ ಹೈಕೋರ್ಟಲ್ಲಿ ರಿಟ್ (ಹಕ್ಕು ಕಾಪಾಡಿ ಅಂತ ಕೇಳೋ ಅರ್ಜಿ) ಹಾಕ್ಬೇಕು, ಬೆಂಗಳೂರು ಧಾರವಾಡ ಕಲಬುರಗಿ ಯಾವ್ದು ನಿಮ್ಮ ಜಿಲ್ಲೆಗೆ ಬರುತ್ತೋ ಅಲ್ಲಿ. ಲಾಯರ್ ಹತ್ರ, ಕೇಸ್ ಮುಗಿಯೋ ತನಕ ಮಗು ಕ್ಲಾಸಲ್ಲಿ ಕೂರೋಕೆ ಮಧ್ಯಂತರ ಆದೇಶ ಕೇಳಿ ಅಂತ ಮೊದಲ ದಿನವೇ ಹೇಳಿ, ಯಾಕಂದ್ರೆ ಎಸ್‌ಎಸ್‌ಎಲ್‌ಸಿಗೆ 75 ಪರ್ಸೆಂಟ್ ಹಾಜರಿ ಬೇಕು.