ಜಾಮೀನು ಆದೇಶವಾದ ಮೇಲಿನ ಕೆಲಸ: ರಿಜಿಸ್ಟರು, ಪಹಣಿ, ವಾಯಿದೆ

ಜಾಮೀನು ಮಂಜೂರಾಯಿತು ಎಂದರೆ ಮನುಷ್ಯ ಹೊರಗೆ ಬಂದ ಎಂದಲ್ಲ. ಆದೇಶಕ್ಕೂ ಜೈಲಿನ ಗೇಟಿಗೂ ನಡುವೆ ಹೆಸರು, ನಂಬರು, ಜಾಮೀನುದಾರ, ಪಹಣಿ, ಬಿಡುಗಡೆ ಆದೇಶ ಇಷ್ಟೂ ದಾಟಬೇಕು. ದಾಟಿ ಬಂದ ಮೇಲೆ ತೀರ್ಪಿನವರೆಗೂ ವಾಯಿದೆಗಳು, ಅಂದರೆ ಕೋರ್ಟಿಗೆ ಹಾಜರಾಗಬೇಕಾದ ದಿನಗಳು. ಒಂದು ವಾಯಿದೆ ತಪ್ಪಿದರೆ ವಾರಂಟು, ವಾರಂಟಾದರೆ ಮತ್ತೆ ಒಳಗೆ. ವಿಚಾರಣಾಧೀನರನ್ನು ಜೈಲಿನಿಂದ ಹೊರಗೆ ಉಳಿಸುವುದರಲ್ಲಿ ವಕೀಲರ ವಾದದಷ್ಟೇ ಪಾಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೂತು ಮಾಡುವ ಕಡತದ ಕೆಲಸಕ್ಕೂ ಇದೆ. ಹೊಸದಾಗಿ ಸೇರುವ ಸಹಾಯಕರಿಗೆ, ಅರೆಕಾನೂನು ಸ್ವಯಂಸೇವಕರಿಗೆ ಉಪಯೋಗವಾಗಲಿ ಎಂದು ಅದನ್ನು ಮಾಡುವ ರೀತಿ ಬರೆಯುತ್ತಿದ್ದೇನೆ.

ಮೊದಲು ರಿಜಿಸ್ಟರು. ಒಬ್ಬ ವ್ಯಕ್ತಿಗೆ ಒಂದು ಸಾಲು ಎಂದು ಶುರು ಮಾಡಿದರೆ ಆರು ತಿಂಗಳಲ್ಲಿ ಕೈಕೊಡುತ್ತದೆ. ಒಂದು ಕೇಸಿಗೆ ಒಂದು ಸಾಲು ಇರಬೇಕು. ಒಬ್ಬನ ಮೇಲೆ ಮೂರು ಕೇಸಿದ್ದು ಒಂದರಲ್ಲಿ ಮಾತ್ರ ಜಾಮೀನಾಗಿದ್ದರೆ, ಉಳಿದೆರಡರ ಬಾಡಿ ವಾರಂಟ್ (ಕೈದಿಯನ್ನು ತನ್ನ ಮುಂದೆ ತರುವಂತೆ ಆ ಕೇಸಿನ ಕೋರ್ಟು ಕಳಿಸಿದ ಆದೇಶ) ಜೈಲಿನಲ್ಲಿ ಕಾಯುತ್ತಿರುತ್ತದೆ. ಮನೆಯವರು ಬಾಡಿಗೆ ಗಾಡಿ ಮಾಡಿಕೊಂಡು ಗೇಟಿನ ಮುಂದೆ ಸಂಜೆವರೆಗೂ ನಿಂತಿರುತ್ತಾರೆ. ಮೂರೂ ಸಾಲನ್ನು ಜೈಲಿನ ಯುಟಿಪಿ (ವಿಚಾರಣಾಧೀನ ಕೈದಿಯ) ನಂಬರಿನಿಂದ ಜೋಡಿಸಿಟ್ಟರೆ ಈ ಅಲೆದಾಟವನ್ನು ಮೊದಲೇ ತಪ್ಪಿಸಬಹುದು.

ಇನ್ನು ಕೇಸಿನ ನಂಬರು. ಒಂದೇ ಪ್ರಕರಣಕ್ಕೆ ಠಾಣೆಯಲ್ಲಿ ಕ್ರೈಂ ನಂಬರ್. ದೋಷಾರೋಪ ಪಟ್ಟಿ ಬಂದು ಮ್ಯಾಜಿಸ್ಟ್ರೇಟರು ಪರಿಗಣಿಸಿದ ಮೇಲೆ ಸಿ.ಸಿ. ನಂಬರ್. ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಒಪ್ಪಿಸಿದರೆ, ಅಂದರೆ ಕಮಿಟ್ ಆದರೆ, ಎಸ್.ಸಿ. (ಸೆಷನ್ಸ್ ಕೇಸ್) ನಂಬರ್. ನಡುವೆ ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಅರ್ಜಿ ಹಾಕಿದ್ದರೆ ಅದಕ್ಕೆ ಬೇರೆಯೇ ಕ್ರಿಮಿನಲ್ ಮಿಸ್. (ಮಿಸಲೇನಿಯಸ್) ನಂಬರ್. ತಪ್ಪಾಗುವುದು ಇಲ್ಲೇ. ಜಾಮೀನು ಸಿಕ್ಕ ಕೂಡಲೇ ಆ ಮಿಸ್. ಅರ್ಜಿ ಕೋರ್ಟು ಕೇಸುಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಆ್ಯಪಿನಲ್ಲಿ ‘ಡಿಸ್ಪೋಸ್ಡ್’ (ಇತ್ಯರ್ಥ) ಎಂದು ತೋರಿಸುತ್ತದೆ. ಕೇಸೇ ಮುಗಿಯಿತು ಎಂದುಕೊಂಡು ಮನೆಯವರು ನಿಶ್ಚಿಂತರಾಗುತ್ತಾರೆ. ಮುಗಿದದ್ದು ಅರ್ಜಿ ಮಾತ್ರ. ಮೂಲ ಕೇಸು ಮ್ಯಾಜಿಸ್ಟ್ರೇಟರ ಮುಂದೆ ಹಾಗೇ ಇದೆ, ಅದಕ್ಕೆ ವಾಯಿದೆಯೂ ಇದೆ. ಆದ್ದರಿಂದ ನಾಲ್ಕೂ ನಂಬರಿಗೆ ನಾಲ್ಕು ಕಾಲಂ ಇಡಿ, ಹಳೆಯದನ್ನು ಅಳಿಸಬೇಡಿ. ಪಕ್ಕದಲ್ಲಿ 16 ಅಕ್ಷರದ ಸಿಎನ್‌ಆರ್ (ಇ-ಕೋರ್ಟ್ಸ್‌ನಲ್ಲಿ ಪ್ರತಿ ಕೇಸಿಗೂ ಇರುವ ಗುರುತಿನ ನಂಬರು) ಬರೆಯಿರಿ. ಅದು ಮಿಸ್. ಅರ್ಜಿಯದ್ದೋ ಮೂಲ ಕೇಸಿನದ್ದೋ ಎಂದು ಆ್ಯಪಿನಲ್ಲಿ ತೆರೆದು ನೋಡಿಯೇ ಬರೆಯಿರಿ.

ಹೆಸರನ್ನು ಎರಡು ಕಡೆಯಿಂದ ಬರೆದುಕೊಳ್ಳಬೇಕು: ಜೈಲಿನ ವಾರಂಟಿನಲ್ಲಿ ಇರುವಂತೆ ಒಮ್ಮೆ, ಜಾಮೀನು ಆದೇಶದಲ್ಲಿ ಇರುವಂತೆ ಒಮ್ಮೆ. ವಾರಂಟಿನಲ್ಲಿ ‘ಮಂಜ ಅಲಿಯಾಸ್ ಮಂಜುನಾಥ’ ಎಂದಿದ್ದು ಆದೇಶದಲ್ಲಿ ಬರೀ ‘ಮಂಜುನಾಥ’ ಎಂದಿದ್ದರೆ, ತಂದೆಯ ಹೆಸರಿನಲ್ಲಿ ಒಂದು ಕಡೆ ಅಪ್ಪ ಒಂದು ಕಡೆ ಅಯ್ಯ ಆಗಿದ್ದರೆ, ಆಮೇಲೆ ಸೇರಿಸಿದ ಕಲಂ ಆದೇಶದಲ್ಲಿ ಬಿಟ್ಟುಹೋಗಿದ್ದರೆ ಜೈಲಿನವರು ಬಿಡುವುದಿಲ್ಲ. ಬಿಡಬಾರದು ಕೂಡ, ತಪ್ಪು ಮನುಷ್ಯನನ್ನು ಬಿಟ್ಟರೆ ಜವಾಬ್ದಾರಿ ಅವರದ್ದು. ತಿದ್ದುಪಡಿಗೆ ಮತ್ತೆ ಕೋರ್ಟಿಗೇ ಹೋಗಬೇಕು, ನಡುವೆ ಶನಿವಾರ ಭಾನುವಾರ ಬಂದರೆ ಮೂರು ರಾತ್ರಿ ಹೆಚ್ಚು ಒಳಗೆ. ಆದೇಶದ ಪ್ರತಿ ಕೈಗೆ ಬಂದ ದಿನವೇ ಹೆಸರು, ತಂದೆಯ ಹೆಸರು, ಕ್ರೈಂ ನಂಬರ್, ಠಾಣೆ, ಕಲಂ ಐದನ್ನೂ ಬೆರಳಿಟ್ಟು ಹೋಲಿಸಿ. ಐದು ನಿಮಿಷದ ಕೆಲಸ.

ಕಂಪ್ಯೂಟರಿನ ಬಗ್ಗೆ ಎರಡು ಮಾತು. ಹಳೆಯ ಪಟ್ಟಿಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ ಕಣ್ಣಿಗೆ ಕನ್ನಡವೇ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸದೆ ಹೊಸ ಪಟ್ಟಿಗೆ ಸೇರಿಸಬೇಡಿ. ಇನ್ನೊಂದು ತಾರೀಖು. ಆಗಸ್ಟ್ 5 ಎಂದು ಹೊಡೆದ 05-08-2024ನ್ನು ಎಕ್ಸೆಲ್ ಕೆಲವು ಯಂತ್ರಗಳಲ್ಲಿ ಮೇ 8 ಎಂದು ಓದುತ್ತದೆ. ತಿಂಗಳನ್ನು ಅಕ್ಷರದಲ್ಲಿ ತೋರಿಸುವಂತೆ ಕಾಲಂ ಹೊಂದಿಸಿಕೊಂಡರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಬಿಡುಗಡೆಯ ಘಟ್ಟಕ್ಕೆ ಆಧಾರ ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಕೊಟ್ಟ ನಿರ್ದೇಶನಗಳು. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇ-ಮೇಲ್‌ನಲ್ಲಿ ಜೈಲು ಅಧೀಕ್ಷಕರ ಮೂಲಕ ಕೈದಿಗೆ ತಲುಪಬೇಕು. ಅಧೀಕ್ಷಕರು ಜಾಮೀನಾದ ತಾರೀಖನ್ನು ಜೈಲಿನ ತಂತ್ರಾಂಶ ಇ-ಪ್ರಿಸನ್ಸ್‌ನಲ್ಲಿ ನಮೂದಿಸಬೇಕು. 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ (ಹಾಜರಾಗುತ್ತೇನೆ ಎಂದು ಬರೆದುಕೊಡುವ ಬಾಂಡ್), ಜಾಮೀನು ಒದಗಿಸಲಾಗದಿದ್ದರೆ ಷರತ್ತು ಸಡಿಲಿಸಬೇಕೇ ಎಂದು ಕೋರ್ಟು ತಾನಾಗಿಯೇ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಎಂಬ ಷರತ್ತು ಬಿಡುಗಡೆಗೆ ಅಡ್ಡಿಯಾಗುವುದನ್ನೂ ಅದರಲ್ಲಿ ಹೇಳಿದೆ. ಏಳನೇ ದಿನದ ಮೇಲ್ ಬರಲಿ ಎಂದು ನಾನು ಕಾಯುವುದಿಲ್ಲ. ಮೂರನೇ ದಿನವೇ ಜೈಲಿನ ಕಚೇರಿಗೆ ಫೋನ್ ಮಾಡಿ, ಬಿಡುಗಡೆಯಾಗದ ಹೆಸರುಗಳ ಮುಂದೆ ಕಾರಣವನ್ನು ಒಂದೇ ಪದದಲ್ಲಿ ಬರೆಯುತ್ತೇನೆ: ಜಾಮೀನುದಾರ, ಹಣ, ಬೇರೆ ಕೇಸು, ಹೆಸರು, ಮಾಹಿತಿಯಿಲ್ಲ. ಕಾರಣ ಯಾವುದು ಎಂಬುದರ ಮೇಲೆ ಮುಂದಿನ ದಾರಿ.

ಹೆಚ್ಚಾಗಿ ಬರುವುದು ‘ಜಾಮೀನುದಾರ’. ನಮ್ಮಲ್ಲಿ ಪಹಣಿ ಇದ್ದವರೇ ಬೇಕು ಎನ್ನುವುದು ರೂಢಿ. ಪಹಣಿಯ 9ನೇ ಕಾಲಂನಲ್ಲಿ ಹೆಸರು ಆಧಾರಿನ ಹೆಸರಿಗೆ ಹೊಂದಬೇಕು, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲದ ಋಣ ಎಷ್ಟಿದೆ ನೋಡಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಜಮೀನು, ಜಂಟಿ ಖಾತೆ, ಎರಡು ವರ್ಷದ ಹಳೆಯ ಪಹಣಿ ಹಿಡಿದು ಬಂದರೆ ಕೋರ್ಟಿನಿಂದ ವಾಪಸ್ಸು. ಎಷ್ಟು ಜನರಿಗೆ ಈಗಾಗಲೇ ಜಾಮೀನು ನಿಂತಿದ್ದೇನೆ ಎಂದು ಜಾಮೀನುದಾರ ಘೋಷಿಸಬೇಕು. ಇದು ಸಿಆರ್‌ಪಿಸಿಯ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 486ನೇ ಕಲಂ; ಮುಂದೆ ಬರುವ ಕಲಂ ನಂಬರುಗಳೂ ಇದೇ ಸಂಹಿತೆಯವು. ದುಡ್ಡಿಗೆ ಜಾಮೀನು ನಿಲ್ಲುವವರು ಕೋರ್ಟಿನ ಸುತ್ತ ಸಿಗುತ್ತಾರೆ. ಅವರ ಹತ್ತಿರಕ್ಕೂ ಕಳಿಸಬೇಡಿ. ನಕಲಿ ಪಹಣಿ ಸಿಕ್ಕಿಬಿದ್ದರೆ ಹೊಸ ಕೇಸು ಬೀಳುವುದು ಈ ಬಡವನ ಮೇಲೂ.

ಜಾಮೀನುದಾರನೇ ಸಿಗದಿದ್ದರೆ ದಾರಿಗಳಿವೆ. ಜಾಮೀನು ಕೊಡಬಹುದಾದ ಅಪರಾಧವಾಗಿದ್ದು, ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾಗದಿದ್ದರೆ ಅವನನ್ನು ಬಡವನೆಂದೇ ಪರಿಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು (478ನೇ ಕಲಂ). ಸಣ್ಣ ಮೊತ್ತವಾದರೆ ಜಾಮೀನುದಾರನ ಬದಲು ನಗದು ಇಡಲು 490ರ ಅಡಿ ಅನುಮತಿ ಕೇಳಬಹುದು. ಕೇಂದ್ರ ಗೃಹ ಸಚಿವಾಲಯದ ಬಡ ಕೈದಿಗಳ ನೆರವು ಯೋಜನೆಯ 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಅವಕಾಶವಿತ್ತು. ಅರ್ಜಿ ಹಾಕುವಾಗ ಚಾಲ್ತಿಯಲ್ಲಿರುವ ಮಿತಿ ನೋಡಿಕೊಳ್ಳಿ. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಷರತ್ತು ಸಡಿಲಿಕೆಯ ಅರ್ಜಿಯ ಜೊತೆ ಇಡುವ ಸಾಮಾಜಿಕ-ಆರ್ಥಿಕ ವರದಿ.

ಈ ವರದಿಯನ್ನು ‘ಅರ್ಜಿದಾರರು ಕಡುಬಡವರು, ದಯೆ ತೋರಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ಮನುಷ್ಯ ಓಡಿಹೋಗುವವನಲ್ಲ ಎಂದು ನ್ಯಾಯಾಧೀಶರಿಗೆ ಕಾಣಬೇಕು. ಏನನ್ನು ಬರೆಯಬೇಕು ಎಂಬುದು 1979ರ ಹುಸೇನಾರಾ ಖಾತೂನ್ ತೀರ್ಪಿನಲ್ಲೇ ಇದೆ: ಊರಿನಲ್ಲಿ ಎಷ್ಟು ವರ್ಷದಿಂದ ವಾಸ, ಕೆಲಸ, ಕುಟುಂಬದ ನಂಟು, ನಡತೆ, ಹಿಂದಿನ ದಾಖಲೆ, ಅವನ ಪರವಾಗಿ ಮಾತು ಕೊಡಬಲ್ಲ ಊರಿನವರು, ಆರೋಪದ ಸ್ವರೂಪ. ಸ್ವಯಂಸೇವಕರನ್ನು ಮನೆಗೆ ಕಳಿಸಿ, ಪ್ರತಿ ಅಂಶಕ್ಕೆ ಒಂದು ಕಾಗದ ಅಥವಾ ಒಬ್ಬ ಮನುಷ್ಯನ ಹೇಳಿಕೆ ತರಿಸಿ. ವಾಸಕ್ಕೆ ಪಡಿತರ ಚೀಟಿ, ಕೆಲಸಕ್ಕೆ ನರೇಗಾ ಜಾಬ್ ಕಾರ್ಡ್ ಅಥವಾ ಮೇಸ್ತ್ರಿಯ ಸಹಿ, ಮಕ್ಕಳಿಗೆ ಶಾಲೆಯ ದಾಖಲೆ. ‘ಗಾರೆ ಕೆಲಸ, ದಿನಗೂಲಿ, ವಾರಕ್ಕೆ ನಾಲ್ಕು ದಿನ ಕೆಲಸ, ಸ್ವಂತ ಜಮೀನಿಲ್ಲ, ತಾಯಿಯ ಜೊತೆ ಪಂಚಾಯ್ತಿ ಮನೆಯಲ್ಲಿ ಹದಿನೆಂಟು ವರ್ಷದಿಂದ ವಾಸ’ ಎಂಬಂಥ ಒಂದು ಸಾಲು ಎರಡು ಪುಟದ ಮರುಕಕ್ಕಿಂತ ಗಟ್ಟಿ. ಒಂದೂವರೆ ಪುಟ ಸಾಕು. ಆರೋಪ ನಿಜವೋ ಸುಳ್ಳೋ ಎಂಬ ಮಾತು ಅದರಲ್ಲಿ ಎಲ್ಲೂ ಬರಬಾರದು. ಮನೆಗೆ ಹೋದ ಸ್ವಯಂಸೇವಕರೂ ಅದನ್ನು ಕೇಳಬಾರದು. ಕೇಳಿದರೆ ಮನೆಯವರ ಕಣ್ಣಿಗೆ ಅವರೂ ಪೊಲೀಸರೇ ಆಗುತ್ತಾರೆ.

ಹೊರಗೆ ಬಂದ ಮೇಲೆ ಷರತ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಒಂದೇ ಹಾಳೆಗೆ ಇಳಿಸಿ ಕೈಗೆ ಕೊಡಿ: ಠಾಣೆಗೆ ಯಾವ ವಾರ ಎಷ್ಟು ಗಂಟೆಗೆ ಸಹಿಗೆ ಹೋಗಬೇಕು, ಯಾವ ತಾಲ್ಲೂಕು ದಾಟಬಾರದು, ಯಾರ ಮನೆ ಕಡೆ ಸುಳಿಯಬಾರದು, ಮುಂದಿನ ವಾಯಿದೆ ಯಾವ ಕೋರ್ಟು ಹಾಲಿನಲ್ಲಿ. ಓದು ಬಾರದವರಿಗೆ ಓದಿ ಹೇಳಿ, ಅವರ ಬಾಯಲ್ಲೇ ಒಮ್ಮೆ ತಿರುಗಿ ಹೇಳಿಸಿ. ಠಾಣೆಯಲ್ಲಿ ಸಹಿ ಹಾಕಿದ ಪುಟದ ಫೋಟೋ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹೋದ ದಿನ ಹೊತ್ತನ್ನು ಅದೇ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಲಿ.

ವಾಯಿದೆ ತಪ್ಪುವುದಕ್ಕೆ ಮುಖ್ಯ ಕಾರಣ ಓಡಿಹೋಗುವುದಲ್ಲ. ತಾರೀಖು ಗೊತ್ತಿರುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ, ಅವತ್ತು ಕೂಲಿ ಬಿಟ್ಟರೆ ಮೇಸ್ತ್ರಿ ಮತ್ತೆ ಕರೆಯುವುದಿಲ್ಲ. ಆದ್ದರಿಂದ ಎರಡು ನಂಬರ್ ಬರೆದುಕೊಳ್ಳಿ, ಎರಡನೆಯದು ಮನೆಯ ಹೆಂಗಸರದ್ದಾದರೆ ಉತ್ತಮ; ಆ ನಂಬರು ಬದಲಾಗುವುದು ಕಡಿಮೆ. ಹಿಂದಿನ ಸಂಜೆ ಇ-ಕೋರ್ಟ್ಸ್‌ನಲ್ಲಿ ಮರುದಿನದ ಪಟ್ಟಿ ನೋಡಿ ತಾರೀಖು ಖಚಿತ ಮಾಡಿಕೊಳ್ಳಿ. ಕರೆ ಎರಡು ಸಲ: ಮೂರು ದಿನ ಮೊದಲು ಒಮ್ಮೆ, ಹಿಂದಿನ ಸಂಜೆ ಏಳರ ಮೇಲೆ ಒಮ್ಮೆ. ಹಗಲಲ್ಲಿ ಕೆಲಸದಲ್ಲಿರುವವರು ಫೋನ್ ಎತ್ತುವುದಿಲ್ಲ.

ಕರೆಯ ಮಾತು ಹೀಗಿರುತ್ತದೆ: ‘ನಮಸ್ಕಾರ ಅಣ್ಣಾ, ಕಾನೂನು ಸೇವಾ ಪ್ರಾಧಿಕಾರದಿಂದ ಮಾತಾಡ್ತಿದೀನಿ. ಗುರುವಾರ ನಿಮ್ಮ ವಾಯಿದೆ ಇದೆ, ಹನ್ನೊಂದು ಗಂಟೆಗೆ, ಎರಡನೇ ಮಹಡಿ. ಆಧಾರ್ ಇಟ್ಕೊಳ್ಳಿ. ಹೇಗೆ ಬರ್ತೀರಿ, ಬಸ್ಸು ಎಷ್ಟೊತ್ತಿಗಿದೆ?’ ಕೊನೆಯ ಪ್ರಶ್ನೆ ಬಿಡಬೇಡಿ. ಬಸ್ಸಿನ ಹೊತ್ತು ಹೇಳುವಾಗಲೇ ಅವರಿಗೆ ಬರುವ ದಾರಿ ಕಣ್ಣ ಮುಂದೆ ಬರುತ್ತದೆ. ಬರಲಾಗದ ತೊಂದರೆಯೂ ಆಗಲೇ ಹೊರಬೀಳುತ್ತದೆ. ಬೇರೆಯವರು ಫೋನ್ ಎತ್ತಿದರೆ ಕೇಸು, ಕೋರ್ಟು ಎಂಬ ಮಾತೇ ಬೇಡ; ವಾಪಸ್ ಕರೆ ಮಾಡಲು ಹೇಳಿ ಇಟ್ಟುಬಿಡಿ. ಅವರು ಕೆಲಸ ಕೊಡುವ ಮಾಲೀಕರೂ ಆಗಿರಬಹುದು.

ನಿಜವಾಗಿಯೂ ಬರಲಾಗದಿದ್ದರೆ ವಕೀಲರ ಮೂಲಕ ಬೆಳಿಗ್ಗೆಯೇ 355ನೇ ಕಲಂ ಅಡಿ ಗೈರುಹಾಜರಿ ಮನ್ನಾ ಅರ್ಜಿ, ಆಸ್ಪತ್ರೆಯ ಚೀಟಿ ಇದ್ದರೆ ಅದರ ಜೊತೆ. ವಾರಂಟ್ ಆಗಿಬಿಟ್ಟಿದ್ದರೆ ಅದು ತಾನಾಗಿ ಸಾಯುವುದಿಲ್ಲ. ಜಾರಿಯಾಗುವವರೆಗೆ ಅಥವಾ ಕೋರ್ಟು ರದ್ದುಮಾಡುವವರೆಗೆ ಇರುತ್ತದೆ. ಅವರನ್ನು ಆದಷ್ಟು ಬೇಗ ಕೋರ್ಟಿಗೆ ಕರೆತಂದು ರೀಕಾಲ್ ಅರ್ಜಿ ಹಾಕಿಸಿ. ತಡಮಾಡಿದಷ್ಟೂ ಜಾಮೀನುದಾರನಿಗೆ ಮುಚ್ಚಳಿಕೆಯ ಹಣ ಕಟ್ಟುವ ಬಗ್ಗೆ 491ರ ನೋಟಿಸು ಹೋಗುವ ದಿನ ಹತ್ತಿರವಾಗುತ್ತದೆ.

ಮೂರು ತಿಂಗಳಿಗೊಮ್ಮೆ ನಡೆಯುವ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಗೆ ಪಟ್ಟಿ ತಯಾರಿಸುವುದೂ ಇದೇ ಮೇಜಿನ ಕೆಲಸ. 479ನೇ ಕಲಂ ಪ್ರಕಾರ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರು, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಅವಧಿ ಕಳೆದವರು ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಅನ್ವಯಿಸದು. ಮನೆಯೊಳಗಿನ ಕಳ್ಳತನಕ್ಕೆ 7 ವರ್ಷ ಎಂದರೆ ಮೊದಲ ಬಾರಿಯವರಿಗೆ 2 ವರ್ಷ 4 ತಿಂಗಳು, ಉಳಿದವರಿಗೆ 3 ವರ್ಷ 6 ತಿಂಗಳು. ಎಡವುವುದು ‘ಮೊದಲ ಬಾರಿ’ ಎಂಬ ಕಾಲಂನಲ್ಲಿ. ಅದರ ಅರ್ಥ ಹಿಂದೆ ಶಿಕ್ಷೆಯಾಗಿಲ್ಲ ಎಂದು, ಬೇರೆ ಕೇಸಿಲ್ಲ ಎಂದಲ್ಲ. ಬೇರೆ ಕೇಸು ಬಾಕಿಯಿದ್ದರೆ ಅದು ಇದೇ ಕಲಂನ ಎರಡನೇ ಉಪಕಲಂನ ಪ್ರಶ್ನೆ. ಎರಡಕ್ಕೂ ಪ್ರತ್ಯೇಕ ಕಾಲಂ ಮಾಡಿ. ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಸಿಗುವ 60 ಅಥವಾ 90 ದಿನದ ಜಾಮೀನನ್ನು ಸಮಿತಿಯ ಸಭೆಗೆ ಕಾಯಿಸಬೇಡಿ. ರಿಮ್ಯಾಂಡಿನ (ಕೋರ್ಟು ಕಸ್ಟಡಿಗೆ ಒಪ್ಪಿಸಿದ) ಮೊದಲ ದಿನವನ್ನೂ ಸೇರಿಸಿ ಎಣಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೋಷಾರೋಪ ಪಟ್ಟಿ ಬರುವ ಮೊದಲು ಜಾಮೀನು ಅರ್ಜಿ ಬೀಳದಿದ್ದರೆ ಆ ಹಕ್ಕು ಹೋದಂತೆಯೇ. ಹಾಗಾಗಿ 55 ಮತ್ತು 85ನೇ ದಿನಕ್ಕೆ ಕೆಂಪು ಗುರುತು ಬೀಳುವಂತೆ ಸೂತ್ರ ಹಾಕಿಡಿ, ಗುರುತು ಬಿದ್ದ ದಿನವೇ ವಕೀಲರಿಗೆ ತಿಳಿಸಿ.

ಖುಲಾಸೆಯಾದರೂ ಸಾಲನ್ನು ಅವತ್ತೇ ಮುಚ್ಚಬೇಡಿ. ಮೇಲಿನ ಕೋರ್ಟು ಕರೆದರೆ ಹಾಜರಾಗುತ್ತೇನೆ ಎಂದು 481ನೇ ಕಲಂ ಅಡಿ ಬರೆದುಕೊಟ್ಟ ಮುಚ್ಚಳಿಕೆ 6 ತಿಂಗಳು ಜಾರಿಯಲ್ಲಿರುತ್ತದೆ. ಆ ತಾರೀಖು ಬರೆದಿಡಿ. ಜಾಮೀನುದಾರ ಕೋರ್ಟಿಗೆ ಕೊಟ್ಟ ಮೂಲ ದಾಖಲೆಗಳು ವಾಪಸ್ಸಾಗಿವೆಯೇ ಎಂದು ಫೋನ್ ಮಾಡಿ ಕೇಳಿ, ಆಮೇಲೆ ಕಡತ ಕಟ್ಟಿ.